ತಲಪಾಡಿಯಿಂದ ರಾಣಿಪುರದ ಬುಡದವರೆಗೆ ಟ್ರೈಲರ್ ಪ್ರವಾಸ: ಟಯರ್ ಮತ್ತು ಸೀಲಂಟ್ ಲೆಕ್ಕ

ಕಾರಿನ ಹಿಂದೆ ಕ್ಯಾರವಾನ್ ಟ್ರೈಲರ್ ಕಟ್ಟಿಕೊಂಡು ಮಂಗಳೂರು ಕಡೆಯಿಂದ ಕಾಸರಗೋಡು ಜಿಲ್ಲೆಗೆ ಬರುವವರಿಗೆ ದೂರ ಹೆಚ್ಚಿಲ್ಲ. ತಲಪಾಡಿಯಿಂದ ಚೆಂಗಳದವರೆಗೆ ರಾಷ್ಟ್ರೀಯ ಹೆದ್ದಾರಿ 66 ಸುಮಾರು 39 ಕಿ.ಮೀ. ಕಾಸರಗೋಡು ಪೇಟೆಯಿಂದ ಚಂದ್ರಗಿರಿ ಸೇತುವೆ ದಾಟಿ ಮೇಲ್ಪರಂಬ, ಉದುಮ ದಾರಿ ಹಿಡಿದರೆ ಬೇಕಲ ಕೋಟೆಗೆ ಸುಮಾರು 16 ಕಿ.ಮೀ. ಅಲ್ಲಿಂದ ಕಾಞಂಗಾಡು, ಮತ್ತೆ ರಾಜಪುರದ ಮೇಲೆ ರಾಣಿಪುರ ಬೆಟ್ಟದ ಬುಡಕ್ಕೆ ಪಾಣತ್ತೂರು ರಸ್ತೆ. ಮೂರು ದಿನ ಇಟ್ಟುಕೊಂಡರೆ ಯಾವ ಅವಸರವೂ ಇಲ್ಲದ ಪ್ರವಾಸ. ಇದನ್ನು ಕೆಡಿಸುವ ವಸ್ತು ಒಂದೇ, ಟ್ರೈಲರಿನ ಟಯರು.

ಕಾರಿನ ಟಯರ್ ಇಳಿದರೆ ಸ್ಟೀರಿಂಗ್ ಎಳೆಯುತ್ತದೆ, ಸೀಟಿನಲ್ಲಿ ಕೂತವರಿಗೆ ಗೊತ್ತಾಗುತ್ತದೆ. ಟ್ರೈಲರಿನದು ಇಳಿದರೆ ಏನೂ ಗೊತ್ತಾಗುವುದಿಲ್ಲ. ಗಾಳಿ ಕಡಿಮೆಯಾದ ಟಯರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚಿಕೊಳ್ಳುತ್ತದೆ, ಒಳಗೇ ಬಿಸಿಯೇರುತ್ತದೆ, ಕೆಲವು ಕಿಲೋಮೀಟರಿನಲ್ಲಿ ರಬ್ಬರು ನೂಲಿನಿಂದ ಬಿಟ್ಟುಕೊಳ್ಳುತ್ತದೆ. ಕನ್ನಡಿಯಲ್ಲಿ ಹೊಗೆ ಕಾಣುವ ಹೊತ್ತಿಗೆ ಹರಿದ ಪಟ್ಟಿ ಮಡ್‌ಗಾರ್ಡ್, ಲೈಟಿನ ವೈರು, ನೀರಿನ ಪೈಪು ಎಲ್ಲವನ್ನೂ ಬಡಿದು ಮುಗಿಸಿರುತ್ತದೆ. ಆದ್ದರಿಂದ ಟಯರಿನ ತೂತು ಮುಚ್ಚುವ ಸೀಲಂಟ್ ಬಾಟಲಿಗಿಂತ ಮೊದಲು ಟಯರಿನ ಮಾತು, ಟಯರಿಗಿಂತ ಮೊದಲು ತೂಕದ ಮಾತು.

ಹೊರಡುವ ಹಿಂದಿನ ದಿನ ನೀರು, ಗ್ಯಾಸ್, ಪಾತ್ರೆ, ಹಾಸಿಗೆ ಎಲ್ಲ ತುಂಬಿಸಿ ವೇ ಬ್ರಿಡ್ಜ್‌ಗೆ ಒಯ್ಯಿರಿ. ಖಾಲಿ ಟ್ರೈಲರಿನ ತೂಕ ಪ್ರಯೋಜನಕ್ಕಿಲ್ಲ. ಒಟ್ಟು 1,200 ಕೆ.ಜಿ. ಬಂತು, ಕಾರಿಗೆ ಸಿಕ್ಕಿಸುವ ಕೊಂಡಿಯ (ಹಿಚ್) ಮೇಲೆ 100 ಕೆ.ಜಿ. ಕೂತಿದೆ ಎಂದಿಟ್ಟುಕೊಳ್ಳಿ, ಆ್ಯಕ್ಸಲ್ ಹೊರುವುದು 1,100, ಗಾಲಿಗೆ 550. ಇದು ಕಾಗದದ ಲೆಕ್ಕ. ನೀರಿನ ಟ್ಯಾಂಕಿಯೂ ಸಿಲಿಂಡರೂ ಅಡುಗೆ ಕಟ್ಟೆಯೂ ಒಂದೇ ಬದಿಗಿದ್ದರೆ ಆ ಗಾಲಿಗೆ 600 ದಾಟುತ್ತದೆ. ಸಾಧ್ಯವಾದರೆ ಒಂದು ಬದಿಯ ಗಾಲಿ ಮಾತ್ರ ತಟ್ಟೆಯ ಮೇಲೆ ನಿಲ್ಲುವಂತೆ ಮಾಡಿ ಇನ್ನೊಮ್ಮೆ ತೂಗಿಸಿ. ಹೆಚ್ಚು ಹೊರುವ ಗಾಲಿಯ ತೂಕದ ಮೇಲೆ 20 ಶೇಕಡಾ ಸೇರಿಸಿ: 600 ಇದ್ದರೆ 720. ಟಯರು ಹೊರಬೇಕಾದದ್ದು ಅಷ್ಟು.

ಟಯರಿನ ಪಕ್ಕದಲ್ಲಿ ಅಳತೆಯ ನಂತರ ಬರುವ ಅಂಕಿಯೇ ಭಾರಸೂಚಿ. 91 ಅಂದರೆ 615 ಕೆ.ಜಿ., 95 ಅಂದರೆ 690, 97 ಅಂದರೆ 730, 102 ಅಂದರೆ 850. ಎರಡು ಅಂಕಿ ಇದ್ದರೆ, ಉದಾಹರಣೆಗೆ 102/100, ಮೊದಲನೆಯದು ಒಂಟಿ ಗಾಲಿಗೆ, ಎರಡನೆಯದು ಒಂದೇ ಬದಿ ಅಕ್ಕಪಕ್ಕ ಕೂರುವ ಜೋಡಿ ಗಾಲಿಗೆ. ಇಲ್ಲಿ ಅನೇಕರು ಜಾರುತ್ತಾರೆ. ಕಾರಿನಲ್ಲಿ ಸಾಮಾನ್ಯವಾಗಿ ಸಿಗುವ 195/65 ಆರ್ 15, ಭಾರಸೂಚಿ 91, ನೋಡಲು ದಪ್ಪ, ಬೆಲೆಯೂ ಕಡಿಮೆ. ಆದರೆ ಕಾರಿನ ಟಯರನ್ನು ಟ್ರೈಲರಿಗೆ ಹಾಕುವಾಗ ಅದರ ಭಾರವನ್ನು 1.10ರಿಂದ ಭಾಗಿಸಬೇಕೆಂಬುದು ಟಯರ್ ಉದ್ಯಮದ ನಿಯಮ. 615 ಆಗ 559 ಆಗುತ್ತದೆ. ನಮ್ಮ 600ಕ್ಕೇ ಸಾಲದು, 720ರ ಮಾತು ಬಿಡಿ. ಕಾರಿನ ಟಯರಿನ ಪಕ್ಕದ ಗೋಡೆ ಮೆದುವಾಗಿರುವುದು ಕೂತವರ ಸುಖಕ್ಕೆ. ಟ್ರೈಲರಿನಲ್ಲಿ ಅದೇ ಮೆದುತನ ಹಿಂಭಾಗ ಬಾಲದಂತೆ ಓಲಾಡುವುದಕ್ಕೆ ಕಾರಣ.

ಉಳಿದ ಎರಡು ಜಾತಿ ಎಸ್‌ಟಿ (ಸ್ಪೆಷಲ್ ಟ್ರೈಲರ್) ಮತ್ತು ಎಲ್‌ಟಿ (ಲೈಟ್ ಟ್ರಕ್). ಎಸ್‌ಟಿ ಟ್ರೈಲರಿಗೆಂದೇ ಮಾಡಿದ್ದು, ಗೋಡೆ ಗಟ್ಟಿ; ಪಕ್ಕದಲ್ಲಿ ಬೇರೆ ವೇಗ ನಮೂದಿಸದಿದ್ದರೆ ಗಂಟೆಗೆ 105 ಕಿ.ಮೀ. ಅದರ ಮಿತಿ. ಹೊರದೇಶದ ಟ್ರೈಲರ್ ತರಿಸಿಕೊಂಡವರಿಗೆ ಅದೇ ಬಂದಿರುತ್ತದೆ. ನಮ್ಮ ಸಲಹೆ ಎಲ್‌ಟಿ ಕಡೆಗೆ, ಅದೂ ಸಣ್ಣ ಸರಕು ಗಾಡಿಗಳಿಗೆ ಹಾಕುವ ಅಳತೆಗೆ. 185 ಆರ್ 14, 8 ಪಿಆರ್ (ಪದರದ ಬಲದ ಅಂಕಿ), 102/100 ಟಯರು 65 ಪಿಎಸ್‌ಐಯಲ್ಲಿ 850 ಕೆ.ಜಿ. ಹೊರುತ್ತದೆ, 600 ಅದಕ್ಕೆ ಆಟ. ಹಗುರ ಟ್ರೈಲರಿಗೆ ಟಾಟಾ ಏಸ್‌ಗೆ ಬರುವ 145 ಆರ್ 12 ಇದೆ, ಭಾರಸೂಚಿ ಓದಿಯೇ ತೆಗೆದುಕೊಳ್ಳಿ. ಕಾರಣ ಸರಳ: ಸಂಜೆ ಆರು ಗಂಟೆಗೆ ಬದಿಯಡ್ಕದಲ್ಲೋ ರಾಜಪುರದಲ್ಲೋ ಟಯರು ಒಡೆದರೆ, ಊರಿನ ಟೆಂಪೊಗಳು ಓಡುವ ಅಳತೆ ಮಾತ್ರ ಆ ಪೇಟೆಯಲ್ಲಿ ಸಿಗುತ್ತದೆ. ರಿಮ್ಮಿನ ಅಗಲ ಮತ್ತು ಮಡ್‌ಗಾರ್ಡಿನ ಒಳಗಿನ ಜಾಗ ಹೊಂದುತ್ತದೆಯೇ ಎಂದು ಮಾತ್ರ ಅಳೆದು ನೋಡಿ. ಕುಳಿಗೆ ಬಿದ್ದು ಸ್ಪ್ರಿಂಗ್ ಕುಸಿದಾಗ ಟಯರಿನ ಮೇಲೆ ಮೂರು ಬೆರಳು ಜಾಗ ಉಳಿಯಬೇಕು.

ಟ್ರೈಲರಿನ ಟಯರು ಸವೆದು ಸಾಯುವುದು ಕಡಿಮೆ, ಮುಪ್ಪಿನಿಂದ ಸಾಯುವುದೇ ಹೆಚ್ಚು. ಮೇಲಿನ ಗುಂಡಿ (ಟ್ರೆಡ್) ಚೆನ್ನಾಗಿಯೇ ಕಾಣುತ್ತದೆ, ಒಳಗೆ ರಬ್ಬರು ಒಣಗಿರುತ್ತದೆ. ಟಯರಿನ ಪಕ್ಕದಲ್ಲಿ ಡಿಒಟಿ ಎಂದು ಶುರುವಾಗುವ ಗುರುತಿನ ಕೊನೆಯ ನಾಲ್ಕು ಅಂಕಿ ನೋಡಿ: 2321 ಅಂದರೆ 2021ರ 23ನೇ ವಾರ. ಐದು ವರ್ಷ ದಾಟಿದ್ದನ್ನು ಈ ಪ್ರವಾಸಕ್ಕೆ ತರಬೇಡಿ. ಕಡಲ ಗಾಳಿಯ ಊರಿನಲ್ಲಿ ಅಂಗಳದಲ್ಲೇ ನಿಲ್ಲಿಸುವವರು ವಾಲನ್ನೂ ಬಗ್ಗಿಸಿ ನೋಡಿ, ಬುಡದಲ್ಲಿ ಕೂದಲೆಳೆಯಂಥ ಬಿರುಕು ಕಂಡರೆ ಬದಲಿಸಿ. ಸಾಮಾನ್ಯ ರಬ್ಬರ್ ವಾಲಿನ ಮಿತಿ 65 ಪಿಎಸ್‌ಐ. 80 ತುಂಬಿಸುವ ಟಯರಿದ್ದರೆ ನಟ್ಟಿನಿಂದ ಬಿಗಿಯುವ ಲೋಹದ ವಾಲೇ ಬೇಕು, ರಿಮ್ಮೂ ಅಷ್ಟು ತಡೆಯುವಂಥದ್ದಿರಬೇಕು.

ಗಾಳಿ ಬೆಳಿಗ್ಗೆ, ಗಾಡಿ ಹೊರಡುವ ಮೊದಲು ಅಳೆಯಿರಿ. 65 ಪಿಎಸ್‌ಐ ಇರುವ ಟಯರು 10 ಡಿಗ್ರಿ ಕಾದರೆ ಎರಡೂವರೆ ಪಿಎಸ್‌ಐಯಷ್ಟು ಏರುತ್ತದೆ. ಬೇಕಲದ ಮಧ್ಯಾಹ್ನದ ಬಿಸಿಲಿನಲ್ಲಿ ಗೇಜು 70 ತೋರಿಸಿತೆಂದು ಗಾಳಿ ಬಿಡುವವರು ಮರುದಿನ ಬೆಳಿಗ್ಗೆ ಇಳಿದ ಟಯರಿನಲ್ಲಿ ಹೊರಡುತ್ತಾರೆ. ಎಷ್ಟು ತುಂಬಿಸಬೇಕೆಂಬುದಕ್ಕೆ ಟ್ರೈಲರಿನ ಫಲಕವೇ ಪ್ರಮಾಣ. ಟಯರಿನ ಜಾತಿ ಬದಲಿಸಿದ್ದರೆ ಟಯರ್ ಕಂಪನಿಯ ಭಾರ–ಒತ್ತಡ ಪಟ್ಟಿ. ನೈಟ್ರೋಜನ್ ಹಾಕಿಸಿದರೆ ನಷ್ಟವಿಲ್ಲ, ಹಾಕಿಸದಿದ್ದರೂ ನಷ್ಟವಿಲ್ಲ.

ಈಗ ಸೀಲಂಟ್. ಅಂಗಡಿಯಲ್ಲಿ ಎರಡು ಬಗೆ ಸಿಗುತ್ತದೆ. ಒಂದು ಮೊದಲೇ ಹಾಕಿಟ್ಟುಕೊಳ್ಳುವುದು: ಗ್ಲೈಕಾಲಿನಲ್ಲಿ ನಾರು, ರಬ್ಬರಿನ ಪುಡಿ ಕಲಸಿದ ಗಂಜಿ. ಮೊಳೆ ಚುಚ್ಚಿದಾಗ ಗಾಳಿಯೇ ಈ ಗಂಜಿಯನ್ನು ತೂತಿಗೆ ತಳ್ಳುತ್ತದೆ, ನಾರು ಹೆಣೆದುಕೊಂಡು ಮುಚ್ಚುತ್ತದೆ. ಇನ್ನೊಂದು ತುರ್ತಿಗೆ ಮಾತ್ರ: ಲೇಟೆಕ್ಸ್ ಬಾಟಲಿ ಮತ್ತು ಕಂಪ್ರೆಸರ್, ಇಲ್ಲವೆ ಸ್ಪ್ರೇ ಡಬ್ಬಿ. ಎರಡೂ ಕೆಲಸ ಮಾಡುವುದು ನೆಲಕ್ಕೆ ತಾಗುವ ಭಾಗದಲ್ಲಿ ಆದ ಸುಮಾರು 6 ಮಿ.ಮೀ. ಒಳಗಿನ ತೂತಿಗೆ. ಪಕ್ಕದ ಗೋಡೆ ಸೀಳಿದರೆ, ರಿಮ್ಮಿನ ಅಂಚಿನಲ್ಲಿ ಗಾಳಿ ಹೋದರೆ ಡಬ್ಬಿಗಟ್ಟಲೆ ಸುರಿದರೂ ನಿಲ್ಲದು.

2020ರಲ್ಲಿ ಕೇಂದ್ರ ಸರ್ಕಾರ 3.5 ಟನ್ ಒಳಗಿನ ಪ್ರಯಾಣಿಕ ವಾಹನಗಳಿಗೆ ಟ್ಯೂಬ್‌ಲೆಸ್ ಟಯರ್, ಗಾಳಿ ಎಚ್ಚರಿಕೆ ಸಾಧನ, ರಿಪೇರಿ ಕಿಟ್ ಇದ್ದರೆ ಸ್ಟೆಪ್ನಿ ಕಡ್ಡಾಯವಲ್ಲ ಎಂದು ನಿಯಮ ತಿದ್ದಿತು. ಅಲ್ಲಿಂದ ಮುಂದೆ ಸೀಲಂಟ್ ಇದ್ದರೆ ಸ್ಟೆಪ್ನಿ ಬೇಡ ಎಂಬ ನಂಬಿಕೆ ಟ್ರೈಲರಿನವರಿಗೂ ಹತ್ತಿದೆ. ಆ ರಿಯಾಯಿತಿ ಕಾರಿಗೆ. ಟ್ರೈಲರಿಗೆ ಅದರದ್ದೇ ಅಳತೆಯ ಸ್ಟೆಪ್ನಿ, 2 ಟನ್ನಿನ ಬಾಟಲ್ ಜಾಕಿ, ನಟ್ಟಿಗೆ ಕೂರುವ ಸ್ಪ್ಯಾನರ್ ಜೊತೆಗಿರಲಿ. ಕಾರಿನ ಸ್ಪ್ಯಾನರ್ ಟ್ರೈಲರಿನ ನಟ್ಟಿಗೆ ಹಿಡಿಯುತ್ತದೆಯೇ ಎಂದು ಮನೆಯಲ್ಲೇ ಒಮ್ಮೆ ತಿರುಗಿಸಿ ನೋಡಿ.

ಮೊದಲೇ ಹಾಕಿಡಬೇಕೇ? ವಾರವಾರ ಓಡುವ ಟ್ರೈಲರಿಗಾದರೆ ಹೌದು. ವರ್ಷಕ್ಕೆ ಮೂರು ಸಲ ಹೊರಬರುವ ಟ್ರೈಲರಿಗೆ ಬೇಡ ಎಂಬುದು ನಮ್ಮ ಅಭಿಪ್ರಾಯ. ತಿಂಗಳುಗಟ್ಟಲೆ ನಿಂತ ಟಯರಿನಲ್ಲಿ ಗಂಜಿ ಕೆಳಗೆ ಇಳಿದು ಒಂದೆಡೆ ನಿಲ್ಲುತ್ತದೆ, ಹೊರಟಾಗ ಗಾಲಿ ಥಕಥಕ ಕುಣಿಯುತ್ತದೆ. ಇನ್ನೊಂದು ತೊಂದರೆ ಕಣ್ಣಿಗೆ ಕಾಣದ್ದು: ಸೀಲಂಟ್ ಮೊಳೆಯನ್ನೂ ಮುಚ್ಚಿಡುತ್ತದೆ. ಗಾಳಿ ಇಳಿಯುವುದಿಲ್ಲ, ನೀವು ನೋಡುವುದಿಲ್ಲ, ಮೊಳೆ ಒಳಗೇ ಉಜ್ಜಿ ಉಕ್ಕಿನ ತಂತಿಗೆ ನೀರಿಳಿಸುತ್ತದೆ. ಹಾಕಿದವರು ಪ್ರತಿ ನಿಲುಗಡೆಯಲ್ಲೂ ಟಯರಿನ ಮೇಲ್ಮೈ ಸವರಿ ನೋಡಲೇಬೇಕು.

ಹಾಕುವ ರೀತಿ ಹೀಗೆ. ಸಮತಟ್ಟಾದ ಜಾಗ, ಇನ್ನೊಂದು ಗಾಲಿಗೆ ಎರಡೂ ಕಡೆ ಒತ್ತುಗಲ್ಲು, ಟ್ರೈಲರನ್ನು ಕಾರಿನಿಂದ ಬಿಚ್ಚಬೇಡಿ. ಜಾಕಿಯಿಂದ ಎತ್ತಿ, ವಾಲು ಗಡಿಯಾರದ 3 ಅಥವಾ 9ರ ಜಾಗಕ್ಕೆ ಬರುವಂತೆ ಗಾಲಿ ತಿರುಗಿಸಿ; ತೀರಾ ಕೆಳಗಿದ್ದರೆ ಗಂಜಿ ವಾಪಸು ಉಕ್ಕುತ್ತದೆ. ವಾಲ್ ಪಿನ್ ಬಿಚ್ಚಿ ಗಾಳಿ ಬಿಡಿ. ಪಿನ್ನನ್ನು ಮುಷ್ಟಿಯಲ್ಲಿ ಹಿಡಿದುಕೊಳ್ಳಿ, ಅದು ಹಾರಿ ಹುಲ್ಲಿಗೆ ಬಿದ್ದರೆ ಅಂದಿನ ಕೆಲಸ ಮುಗಿಯಿತು. ಬಾಟಲಿಯನ್ನು ಒಂದು ನಿಮಿಷ ಚೆನ್ನಾಗಿ ಕುಲುಕಿ. ಕುಲುಕದಿದ್ದರೆ ನಾರು ತಳದಲ್ಲೇ ಉಳಿದು ಬರೀ ದ್ರವ ಒಳಗೆ ಹೋಗುತ್ತದೆ. ಪ್ರಮಾಣ ಬಾಟಲಿಯ ಪಟ್ಟಿಯಂತೆ: 13–14 ಇಂಚಿನ ಕಾರ್ ಟಯರಿಗೆ ಅಂದಾಜು 300–350 ಮಿ.ಲೀ., ದಪ್ಪ ಎಲ್‌ಟಿ ಟಯರಿಗೆ 450ರ ಆಸುಪಾಸು. ಎರಡೂ ಗಾಲಿಗೆ ಸಮ ಹಾಕಿ. ಪಿನ್ ಹಾಕುವ ಮೊದಲು ಕಂಪ್ರೆಸರಿನಿಂದ ಎರಡು ಸೆಕೆಂಡ್ ಗಾಳಿ ಊದಿ ವಾಲಿನ ಕೊಳವೆ ಸ್ವಚ್ಛ ಮಾಡಿ, ಇಲ್ಲದಿದ್ದರೆ ಪಿನ್ ಅಂಟಿಕೊಂಡು ಗೇಜು ಸುಳ್ಳು ಹೇಳುತ್ತದೆ. ಗಾಳಿ ತುಂಬಿ ತಕ್ಷಣ ನಾಲ್ಕೈದು ಕಿ.ಮೀ. ನಿಧಾನ ಓಡಿಸಿ. ಎರಡು ಕಂಪನಿಯ ಸೀಲಂಟ್ ಎಂದೂ ಬೆರೆಸಬೇಡಿ, ಮೊಸರಿನಂತೆ ಗಡ್ಡೆ ಕಟ್ಟಬಹುದು. ಬಾಟಲಿಯ ಅವಧಿ ದಿನಾಂಕವನ್ನೂ ನೋಡಿ.

ವಾಲಿನ ತುದಿಗೆ ಸಿಕ್ಕಿಸುವ, ಗಾಳಿಯ ಒತ್ತಡವನ್ನೂ ಬಿಸಿಯನ್ನೂ ಅಳೆದು ಎಚ್ಚರಿಸುವ ಟಿಪಿಎಂಎಸ್ ಸೆನ್ಸರ್‌ಗಳು ಟ್ರೈಲರಿಗೆ ಮಾಡಬಹುದಾದ ಅತ್ಯುತ್ತಮ ಖರ್ಚು. ಎಚ್ಚರಿಕೆಯನ್ನು ಬೆಳಗಿನ ಒತ್ತಡಕ್ಕಿಂತ 10–15 ಶೇಕಡಾ ಕೆಳಗೆ, ಉಷ್ಣತೆಯನ್ನು 70 ಡಿಗ್ರಿಗೆ ಇಡಿ. ಸೀಲಂಟ್ ಹಾಕಿದ ಟಯರಿನಲ್ಲಿ ಸೆನ್ಸರಿನ ತೂತು ಕಟ್ಟಿಕೊಳ್ಳುವುದುಂಟು. ಒಂದೇ ಅಂಕಿ ದಿನವಿಡೀ ಅಲ್ಲಾಡದೆ ನಿಂತಿದ್ದರೆ ಅನುಮಾನಪಡಿ.

ರಸ್ತೆಗೆ ಬಂದರೆ, ಷಟ್ಪಥದ ಮೇಲೆ ಭಯವಿಲ್ಲ, ಭಯವಿರುವುದು ಸರ್ವಿಸ್ ರಸ್ತೆಯಲ್ಲಿ. ಉಪ್ಪಳ, ಕುಂಬಳೆ ಪೇಟೆಗಳಿಗೆ ಇಳಿಯಬೇಕಾದರೆ ಅದರಲ್ಲೇ ಹೋಗಬೇಕು. ಕಟ್ಟಡ ಕೆಲಸದ ಕಟ್ಟುಕಂಬಿಯ ತುಂಡು, ಮೊಳೆ ಎಲ್ಲ ರಸ್ತೆಯ ಎಡ ಅಂಚಿಗೆ ಗುಡಿಸಿದಂತೆ ಬಂದು ಸೇರುತ್ತದೆ, ಟ್ರೈಲರಿನ ಎಡಗಾಲಿ ಓಡುವುದೂ ಅಲ್ಲೇ. ಅನಂತಪುರ ಸರೋವರ ದೇವಸ್ಥಾನಕ್ಕೆ ಹೋಗುವವರು ಕುಂಬಳೆ–ಬದಿಯಡ್ಕ ರಸ್ತೆಯ ನಾಯ್ಕಾಪಿನಿಂದ ಒಳಗೆ ತಿರುಗುತ್ತಾರೆ. ಸುತ್ತ ಕೆಂಪುಕಲ್ಲಿನ ಬಯಲು. ಲಾರಿಯಿಂದ ಉದುರಿದ ಕೆಂಪುಕಲ್ಲಿನ ಚೂರು ತೂತು ಮಾಡುವುದಿಲ್ಲ, ಡಾಂಬರಿನ ಅಂಚು ಇಳಿಯುವಲ್ಲಿ ಪಕ್ಕದ ಗೋಡೆಯನ್ನು ಗೀರುತ್ತದೆ. ಅದಕ್ಕೆ ಸೀಲಂಟ್ ಉಪಯೋಗವಿಲ್ಲ, ಸ್ಟೆಪ್ನಿಯೇ ಗತಿ. ಎದುರಿನಿಂದ ಬಸ್ ಬಂದರೆ ಅಂಚಿಗಿಳಿಯುವ ಬದಲು ನಿಂತುಬಿಡುವುದು ಅಗ್ಗ.

ಸೀಲಂಟಿನಿಂದ ತೂತು ನಿಂತರೆ ಗಂಟೆಗೆ 80 ಕಿ.ಮೀ. ಒಳಗೆ ಓಡಿಸಿ ಹತ್ತಿರದ ಪಂಚರ್ ಅಂಗಡಿ ಹಿಡಿಯಿರಿ. ಚೆರ್ಕಳದವರೆಗೆ ಕನ್ನಡ, ತುಳು ಧಾರಾಳ ನಡೆಯುತ್ತದೆ, ದಕ್ಷಿಣಕ್ಕೆ ಹೋದಂತೆ ಮಲಯಾಳವೇ ಹೆಚ್ಚು. ಟಯರು ತಟ್ಟಿ ನೋಡಿದವರು ‘ಕಾಟ್ಟಿಲ್ಲ’ ಅಂದರೆ ಕಾಟವಿಲ್ಲ ಎಂದು ಸಮಾಧಾನಪಟ್ಟು ಹೊರಡಬೇಡಿ, ಅದರ ಅರ್ಥ ಗಾಳಿ ಇಲ್ಲ ಎಂದು! ಒಳಗೆ ಸೀಲಂಟ್ ಇದೆಯೆಂದು ಮೊದಲೇ ಹೇಳಿ. ಸ್ಪ್ರೇ ಡಬ್ಬಿಯಲ್ಲಿ ಉರಿಯುವ ಅನಿಲ ಇರಬಹುದು, ಟಯರ್ ಬಿಚ್ಚುವಾಗ ಹತ್ತಿರ ಬೀಡಿ, ಕಿಡಿ ಬೇಡ. ಹೊರಗಿನಿಂದ ಸ್ಟ್ರಿಪ್ ತುರುಕಿದ್ದು ಊರು ಮುಟ್ಟುವವರೆಗೆ ಸಾಕು. ಆಮೇಲೆ ಟಯರ್ ಬಿಚ್ಚಿ, ಗಂಜಿ ತೊಳೆದು ಒಣಗಿಸಿ, ಒಳಗಿನಿಂದ ಪ್ಯಾಚ್ ಹಾಕಿಸಿ. ಗ್ಲೈಕಾಲ್ ಗಂಜಿ ನೀರಿಗೆ ಹೋಗುತ್ತದೆ, ಒಣಗಿದ ಲೇಟೆಕ್ಸ್ ಕೆರೆದು ತೆಗೆಯಬೇಕು, ಅದಕ್ಕೆ ಹೆಚ್ಚು ಕೂಲಿ ಕೇಳಿದರೆ ಕೊಡಿ.

ಗಾಳಿ ತುಂಬುವುದಕ್ಕೂ ಬಂಕಿನ ಕಾರ್ ಪೈಪನ್ನು ನಂಬಬೇಡಿ, 65 ಮುಟ್ಟದಿರಬಹುದು. ಬ್ಯಾಟರಿಗೆ ನೇರ ಕ್ಲಿಪ್ ಹಾಕುವ, 100 ಪಿಎಸ್‌ಐ ದಾಟುವ ಸಣ್ಣ ಕಂಪ್ರೆಸರ್ ಇರಲಿ. ಸಿಗರೇಟ್ ಸಾಕೆಟಿನದ್ದು ದೊಡ್ಡ ಟಯರಿಗೆ ಫ್ಯೂಸ್ ಸುಡುತ್ತದೆ.

ರಾಜಪುರದ ಮೇಲೆ ಪಣತ್ತಡಿಯವರೆಗೆ ಟ್ರೈಲರ್ ಒಯ್ಯಬಹುದು. ಅಲ್ಲಿಂದ ರಾಣಿಪುರಕ್ಕೆ ಏರು ಕಡಿದು, ತಿರುವು ಕಿರಿದು; ಟ್ರೈಲರನ್ನು ಕೆಳಗೆ ಬಿಟ್ಟು ಕಾರಿನಲ್ಲಿ ಹತ್ತಿ. ಪಾಣತ್ತೂರಿನಿಂದ ಕರಿಕೆ ಘಾಟಿಯಾಗಿ ಭಾಗಮಂಡಲಕ್ಕೆ ದಾಟುವ ಆಸೆ ಟ್ರೈಲರಿನವರಿಗೆ ಬೇಡವೇ ಬೇಡ. ಜೋಡಿ ಆ್ಯಕ್ಸಲ್ ಇರುವವರಿಗಂತೂ ಬಿಗಿ ತಿರುವಿನಲ್ಲಿ ಟಯರು ಉರುಳುವ ಬದಲು ಅಡ್ಡಕ್ಕೆ ಉಜ್ಜಿಕೊಂಡು ಬರುತ್ತದೆ, ರಿಮ್ಮಿನ ಅಂಚು ಬಿಡುವುದು ಅಂಥಲ್ಲೇ. ಕೆಳಗಿಳಿದ ಮೇಲೆ ಗಾಲಿಗಳ ನಡುವಿನ ಎರಡೂ ಹಬ್ಬಿನ (ಹಬ್) ಹತ್ತಿರ ಕೈಹಿಡಿದು ನೋಡಿ. ಒಂದು ಬೆಚ್ಚಗೆ, ಇನ್ನೊಂದು ಮುಟ್ಟಲಾಗದಷ್ಟು ಬಿಸಿಯಿದ್ದರೆ ದೋಷ ಟಯರಿನದ್ದಲ್ಲ. ಬೇರಿಂಗೋ ಬ್ರೇಕೋ ಹಿಡಿದಿದೆ.

ದಾರಿಯಲ್ಲಿ ಗಾಲಿ ಬದಲಿಸಿದ್ದರೆ ನಟ್ಟುಗಳನ್ನು ಎದುರುಬದುರು ಕ್ರಮದಲ್ಲಿ ಬಿಗಿದು, 12 ಮಿ.ಮೀ. ಸ್ಟಡ್ಡಿಗೆ ಸಾಮಾನ್ಯವಾಗಿ 90–110 ನ್ಯೂಟನ್ ಮೀಟರ್, 50 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿಯಿರಿ. ರಾಜಪುರದಲ್ಲಿ ಬದಲಿಸಿದವರು ಕಾಞಂಗಾಡು ದಾಟಿ ಬೇಕಲ ಕೋಟೆಯ ಹತ್ತಿರ ಚಹಾಕ್ಕೆ ನಿಲ್ಲುವಾಗ, ದೂರ ಸ್ವಲ್ಪ ಕಡಿಮೆಯಾದರೂ, ಈ ಕೆಲಸ ಮುಗಿಸಿಕೊಳ್ಳಬಹುದು.