ಗಂಗಾವತಿಯಿಂದ ಮಾಂಡೋವಿಗೆ: ಯಾಟ್ ಬಾಡಿಗೆಗೆ ಹಿಡಿದ ಲೆಕ್ಕ

ಗೋವಾಕ್ಕೆ ಹೋಗಿ ಬಂದ ಮೇಲೆ ಗಂಗಾವತಿಯ ಮದುವೆ ಮನೆಗಳಲ್ಲಿ, ಎಪಿಎಂಸಿಯ ಅಂಗಡಿ ಕಟ್ಟೆಗಳ ಮೇಲೆ ಸಿಕ್ಕವರೆಲ್ಲ ಕೇಳುತ್ತಿರುವ ಪ್ರಶ್ನೆ ಒಂದೇ: ‘ಪೂರ್ತಿ ಯಾಟೇ ಹಿಡಿದಿದ್ರಂತಲ್ಲ, ಎಷ್ಟು ಬಿತ್ತು?’ ಉತ್ತರ ಹೇಳುವುದೇನೂ ಕಷ್ಟವಲ್ಲ. ನಮ್ಮ ಮನೆತನದ ಹದಿನೈದು ಜನ, ನಾಲ್ಕು ತಾಸು, ಡೀಸೆಲ್ ಮತ್ತು ಸಿಬ್ಬಂದಿ ಸೇರಿ ಅರವತ್ತು ಸಾವಿರ ರೂಪಾಯಿ. ತಲೆಗೆ ನಾಲ್ಕು ಸಾವಿರ. ಆದರೆ ಈ ಅಂಕಿಯನ್ನು ಕೇಳಿ ‘ಹೆಚ್ಚಾಯಿತು’ ಎಂದವರಿಗೂ ‘ಪರವಾಗಿಲ್ಲ’ ಎಂದವರಿಗೂ ಅದರೊಳಗೆ ಏನೇನು ಸೇರಿತ್ತು, ಏನು ಸೇರಿರಲಿಲ್ಲ ಎಂಬುದು ಗೊತ್ತಿಲ್ಲವಾದ್ದರಿಂದ, ಎಲ್ಲರಿಗೂ ಒಂದೇ ಸಲ ಹೇಳಿದಂತಾಗಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಸಿಬ್ಬಂದಿಸಹಿತ ಬಾಡಿಗೆ ಎಂದರೆ ದೋಣಿಯ ಚುಕ್ಕಾಣಿ ನಮ್ಮ ಕೈಗೆ ಬರುವುದಿಲ್ಲ. ಒಬ್ಬ ಕ್ಯಾಪ್ಟನ್, ಹಗ್ಗ ಮತ್ತು ಲಂಗರು ನೋಡಿಕೊಳ್ಳುವ ಒಬ್ಬ ಕಲಾಸಿ, ತಿಂಡಿ-ಪಾನೀಯ ಕೊಡುವ ಒಬ್ಬ ಹುಡುಗ, ಇಷ್ಟು ಜನ ದೋಣಿಯ ಜೊತೆಗೇ ಬರುತ್ತಾರೆ. ನಾವು ಕೊಡುವ ಹಣದಲ್ಲಿ ಬಿಳಿ ಸೋಫಾಕ್ಕೂ ಹಾಡಿನ ಸ್ಪೀಕರಿಗೂ ಒಂದು ಪಾಲು ಹೋಗುತ್ತದೆ ನಿಜ. ದೊಡ್ಡ ಪಾಲು ಹೋಗಬೇಕಾದದ್ದು ನೀರನ್ನು ಬಲ್ಲ ಒಬ್ಬ ಮನುಷ್ಯನ ತೀರ್ಮಾನಕ್ಕೆ. ಏಜೆಂಟರು ಕಳುಹಿಸುವ ಫೋಟೋಗಳಲ್ಲಿ ಸೋಫಾ ಕಾಣುತ್ತದೆ, ಕ್ಯಾಪ್ಟನ್ ಕಾಣುವುದಿಲ್ಲ. ಹೀಗಾಗಿ ಜನ ಸೋಫಾ ನೋಡಿ ದೋಣಿ ಆರಿಸುತ್ತಾರೆ.

ಮೊದಲು ಕಾಲದ ವಿಷಯ. ನಮ್ಮ ಕಡೆಯ ಭತ್ತದ ಬೆಳೆಗೂ ಗೋವಾದ ಸಮುದ್ರಕ್ಕೂ ಹೊಂದಾಣಿಕೆ ಕಡಿಮೆ. ಕಾಲುವೆಗೆ ನೀರು ಬಂದು ನಾಟಿ ನಡೆಯುವ ಮಳೆಗಾಲದಲ್ಲಿ ಅಲ್ಲಿ ವಿಹಾರದ ದೋಣಿಗಳು ಕಟ್ಟಿಹಾಕಿಕೊಂಡು ನಿಂತಿರುತ್ತವೆ. ಅಲ್ಲಿ ಹವಾಮಾನ ತಿಳಿಯಾಗಿ ದೋಣಿಗಳು ಹೊರಡುವ ನವೆಂಬರ್, ಡಿಸೆಂಬರಿನಲ್ಲಿ ಇಲ್ಲಿ ಕೊಯ್ಲು, ಒಕ್ಕಣೆ, ರೈಸ್ ಮಿಲ್ಲುಗಳ ಗದ್ದಲ. ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರದಲ್ಲಂತೂ ಬಾಡಿಗೆ ಗಗನಕ್ಕೇರುತ್ತದೆ. ಮಿಲ್ಲಿನ ಕೆಲಸ ಇಳಿದ ಮೇಲೆ, ಫೆಬ್ರವರಿಯ ಒಂದು ಮಂಗಳವಾರ ನಾವು ಗೊತ್ತು ಮಾಡಿಕೊಂಡೆವು. ಶನಿವಾರ, ಭಾನುವಾರ ಬಿಟ್ಟು ಹೋಗಲು ಸಾಧ್ಯವಿದ್ದವರು ಹಾಗೆಯೇ ಮಾಡಲಿ. ದರದಲ್ಲೂ ವ್ಯತ್ಯಾಸವಿದೆ, ನೀರಿನ ಮೇಲಿನ ಜಂಗುಳಿಯಲ್ಲೂ ವ್ಯತ್ಯಾಸವಿದೆ. ಟಿಟಿ ಮಾಡಿಕೊಂಡು ಕೊಪ್ಪಳ, ಗದಗ, ಹುಬ್ಬಳ್ಳಿ ದಾಟಿ ಘಟ್ಟ ಇಳಿದು ಹಿಂದಿನ ದಿನವೇ ಪಣಜಿ ಸೇರಿಕೊಂಡಿದ್ದು ಜಾಣತನವಾಯಿತು, ಏಕೆಂದರೆ ಬಾಡಿಗೆಯ ಗಡಿಯಾರ ನಾವು ಜೆಟ್ಟಿಗೆ ಬಂದಾಗ ಶುರುವಾಗುವುದಿಲ್ಲ, ಬುಕಿಂಗಿನಲ್ಲಿ ಬರೆದ ಸಮಯಕ್ಕೆ ಶುರುವಾಗುತ್ತದೆ. ಘಟ್ಟದಲ್ಲಿ ಲಾರಿ ಅಡ್ಡ ನಿಂತಿತ್ತು ಎಂದು ಹೇಳಿದರೆ ಯಾರೂ ಕೇಳುವುದಿಲ್ಲ.

ತಲೆ ಎಣಿಕೆಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ನಾವು ಮೊದಲು ವಿಚಾರಿಸಿದ ಏಜೆಂಟ್ ಒಬ್ಬರು ಹನ್ನೆರಡು ಜನರ ದೋಣಿಯ ಫೋಟೋ ಕಳುಹಿಸಿ, ‘ಮಕ್ಕಳು ಲೆಕ್ಕಕ್ಕಿಲ್ಲ, ಹದಿನೈದು ಜನ ಆರಾಮಾಗಿ ಕೂರಬಹುದು’ ಎಂದರು. ನೀರಿನ ಮೇಲೆ ಮಕ್ಕಳೂ ಲೆಕ್ಕಕ್ಕಿದ್ದಾರೆ. ದೋಣಿಯನ್ನು ತಪಾಸಣೆ ಮಾಡಿ ಕೊಡುವ ಸರ್ವೆ ಪ್ರಮಾಣಪತ್ರದಲ್ಲಿ ಎಷ್ಟು ಪ್ರಯಾಣಿಕರೆಂದು ಬರೆದಿರುತ್ತದೆಯೋ ಅಷ್ಟೇ ಜನ. ಕೂರಲು ಜಾಗವಿದೆಯೇ ಎಂಬುದು ಬೇರೆ ಮಾತು. ಜಗತ್ತಿನ ಬಹಳಷ್ಟು ಬಾಡಿಗೆ ಯಾಟ್‌ಗಳು ಹನ್ನೆರಡಕ್ಕೇ ನಿಲ್ಲುವುದಕ್ಕೆ ಒಂದು ಕಾರಣವೂ ಇದೆ. ಸೋಲಾಸ್ ಎಂಬ, ಸಮುದ್ರದಲ್ಲಿ ಜೀವರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಹನ್ನೆರಡಕ್ಕಿಂತ ಹೆಚ್ಚು ಪ್ರಯಾಣಿಕರನ್ನು ಒಯ್ಯುವ ಹಡಗು ಪ್ರಯಾಣಿಕ ಹಡಗು ಎನಿಸಿಕೊಳ್ಳುತ್ತದೆ, ಅದರ ನಿಯಮಗಳು ಹೆಚ್ಚು ಬಿಗಿ. ನಮ್ಮಲ್ಲಿ ನದಿ, ಹಿನ್ನೀರುಗಳಲ್ಲಿ ಓಡುವ ದೋಣಿಗಳಿಗೆ 2021ರ ಒಳನಾಡು ಹಡಗುಗಳ ಕಾಯ್ದೆ ಇದೆ. ಅದು 1917ರ ಹಳೆಯ ಕಾಯ್ದೆಯ ಜಾಗಕ್ಕೆ ಬಂದದ್ದು. ನೋಂದಣಿ, ಸರ್ವೆ, ವಿಮೆ, ನಡೆಸುವವರ ಅರ್ಹತಾ ಪತ್ರ, ಎಲ್ಲವೂ ಅದರಲ್ಲಿ ಬರುತ್ತವೆ. ಗೋವಾದಲ್ಲಿ ಇವನ್ನು ನೋಡಿಕೊಳ್ಳುವುದು ಕ್ಯಾಪ್ಟನ್ ಆಫ್ ಪೋರ್ಟ್ಸ್ ಇಲಾಖೆ. ಮುಂಗಡ ಕೊಡುವ ಮೊದಲು ಸರ್ವೆ ಪ್ರಮಾಣಪತ್ರದ ಫೋಟೋವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಲು ಕೇಳಿದೆ. ಮಕ್ಕಳು ಲೆಕ್ಕಕ್ಕಿಲ್ಲ ಎಂದವರು ಆಮೇಲೆ ಫೋನ್ ಎತ್ತಲಿಲ್ಲ. ಎರಡನೆಯವರು ಹತ್ತು ನಿಮಿಷದಲ್ಲಿ ಕಳುಹಿಸಿದರು, ಬಾಡಿಗೆ ಮಾತ್ರ ಹೆಚ್ಚು ಹೇಳಿದರು. ನಾವು ಹೆಚ್ಚು ಕೊಟ್ಟೆವು.

ಇದು ಅತಿಯಾದ ಎಚ್ಚರಿಕೆ ಎಂದು ಮನೆಯಲ್ಲೇ ಕೆಲವರು ಗೊಣಗಿದ್ದುಂಟು. ಆದರೆ 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಮುಳುಗಿ 22 ಜನರ ಪ್ರಾಣ ತೆಗೆದದ್ದು, ಮೀನುಗಾರಿಕೆಯ ದೋಣಿಯನ್ನು ಮಾರ್ಪಡಿಸಿ ಮಾಡಿದ, ಮಿತಿಮೀರಿ ಜನರನ್ನು ತುಂಬಿಕೊಂಡ ವಿಹಾರದ ದೋಣಿ. ನಮ್ಮ ರಾಜ್ಯದಲ್ಲೇ 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿದ್ದನ್ನು ಯಾರೂ ಮರೆತಿರಲಾರರು. ದೋಣಿ ತೂಕಕ್ಕಿಂತ ಹೆಚ್ಚಾಗಿ ತೂಕ ಎಲ್ಲಿದೆ ಎಂಬುದರಿಂದ ಮಗುಚುತ್ತದೆ. ಜನ ಮೇಲಿನ ಅಂತಸ್ತಿಗೆ ಹತ್ತಿದಷ್ಟೂ ಭಾರದ ಕೇಂದ್ರ ಮೇಲೇರುತ್ತದೆ. ಎಲ್ಲರೂ ಫೋಟೋಕ್ಕೆಂದು ಒಂದೇ ಮಗ್ಗುಲಿಗೆ ಓಡಿದರೆ ವಾಲಿದ ದೋಣಿ ತಿರುಗಿ ಸಮವಾಗುವ ಶಕ್ತಿ ಅಷ್ಟರಮಟ್ಟಿಗೆ ಕುಗ್ಗುತ್ತದೆ. ಆನೆಗೊಂದಿಯಲ್ಲಿ ಹರಿಗೋಲು ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಅಂಬಿಗ ದಪ್ಪಗಿರುವವರನ್ನು ಒಂದು ಕಡೆ, ಅವರಿಗೆ ಸರಿದೂಗುವಂತೆ ಇಬ್ಬರನ್ನು ಎದುರು ಕಡೆ ಕೂರಿಸಿ, ಎದ್ದು ನಿಂತವರನ್ನು ಗದರಿಸಿ, ಆಮೇಲೆ ಹುಟ್ಟು ಹಾಕುತ್ತಾನೆ. ನಮ್ಮ ಕ್ಯಾಪ್ಟನ್ ಮಾಡಿದ್ದೂ ಅದನ್ನೇ, ಮೈಕಿನಲ್ಲಿ ಮತ್ತು ಹೆಚ್ಚು ಮರ್ಯಾದೆಯಿಂದ.

ಜೆಟ್ಟಿಯಲ್ಲಿ ಚಪ್ಪಲಿಗಳನ್ನೆಲ್ಲ ಒಂದು ಬುಟ್ಟಿಗೆ ಹಾಕಿಸಿಕೊಂಡು ಬರಿಗಾಲಲ್ಲಿ ಹತ್ತಿಸಿದರು. ಕಲಾಸಿ ಪ್ರತಿಯೊಬ್ಬರ ಲೈಫ್ ಜಾಕೆಟ್ಟಿನ ಬಕಲ್ ಎಳೆದು ನೋಡಿದ. ಮಕ್ಕಳ ಅಳತೆಯ ಜಾಕೆಟ್ ಇರಬೇಕೆಂದು ಮೊದಲೇ ಹೇಳಿದ್ದೆ. ದೊಡ್ಡವರದನ್ನು ಮಗುವಿಗೆ ತೊಡಿಸಿದರೆ ನೀರಿಗೆ ಬಿದ್ದಾಗ ಜಾಕೆಟ್ ಮೇಲಕ್ಕೆ ಸರಿದು ಮಗು ಕೆಳಕ್ಕೆ ಜಾರುತ್ತದೆ. ಶೌಚಾಲಯ ಒಂದೇ ಇತ್ತು, ಅದರೊಳಗೆ ಏನನ್ನೂ ಎಸೆಯಬಾರದೆಂದು ಎರಡು ಸಲ ಹೇಳಿದರು. ಅದರ ಕೊಳವೆ ಸಣ್ಣದು, ಕಟ್ಟಿಕೊಂಡರೆ ಆ ದಿನದ ಮಟ್ಟಿಗೆ ಅದರ ಕಥೆ ಮುಗಿಯಿತು.

ದೋಣಿ ಹೊರಟಿದ್ದು ಮಾಂಡೋವಿ ನದಿಯಲ್ಲಿ. ಖಾನಾಪುರ ತಾಲ್ಲೂಕಿನ ಭೀಮಗಡದ ಕಾಡಿನಲ್ಲಿ ಹುಟ್ಟುವ ನಮ್ಮ ಮಹದಾಯಿಯೇ ಇಲ್ಲಿ ಮಾಂಡೋವಿ. ಕಳಸಾ-ಬಂಡೂರಿಗಾಗಿ ನಮ್ಮ ಕಡೆಯ ರೈತರು ಇಷ್ಟು ವರ್ಷ ಹೋರಾಡಿದ ನೀರಿನ ಮೇಲೆ ಕ್ಯಾಸಿನೋ ಹಡಗುಗಳು ಸಾಲಾಗಿ ನಿಂತಿದ್ದನ್ನು ಕಂಡು ದೊಡ್ಡಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಸಂಜೆಯ ಹೊತ್ತು ಬೇಕೆಂದು ಮನೆಯವರೆಲ್ಲ ಒಮ್ಮತದಿಂದ ಹಟ ಹಿಡಿದಿದ್ದರಿಂದ ಮಧ್ಯಾಹ್ನ ಎರಡರಿಂದ ಆರರವರೆಗೆ ಬುಕ್ ಮಾಡಿದ್ದೆವು. ಸೂರ್ಯಾಸ್ತದ ಬುಕಿಂಗಿಗೆ ದರ ಹೆಚ್ಚು, ಗಿರಾಕಿಯೂ ಹೆಚ್ಚು. ಆದರೆ ಈ ಕರಾವಳಿಯಲ್ಲಿ ಬೆಳಗಿನ ನೀರು ಸಾಮಾನ್ಯವಾಗಿ ಶಾಂತ. ಮಧ್ಯಾಹ್ನ ನೆಲ ಕಾದ ಮೇಲೆ ವಾಯವ್ಯದ ಕಡಲಗಾಳಿ ಏಳುತ್ತದೆ, ತೆರೆಗಳು ಎದ್ದು ನಿಲ್ಲುತ್ತವೆ. ನನ್ನನ್ನು ಕೇಳಿದರೆ ಬೆಳಿಗ್ಗೆ ಎಂಟಕ್ಕೆ ಹೊರಡುವುದೇ ವಾಸಿ. ಸೂರ್ಯಾಸ್ತವನ್ನು ಮಿರಾಮಾರ್ ಮರಳಿನ ಮೇಲೆ ಕೂತು ಪುಕ್ಕಟೆಯಾಗಿ ನೋಡಬಹುದು.

ಎಡಕ್ಕೆ ಪಣಜಿ, ಬಲಕ್ಕೆ ರೀಸ್ ಮಾಗೋಸ್ ಕೋಟೆ ಬಿಟ್ಟು, 1612ರಲ್ಲಿ ಕಟ್ಟಿದ ಅಗ್ವಾದ ಕೋಟೆಯ ಗೋಡೆ ಕಾಣುವಷ್ಟು ದೂರ ಹೋಗಿದ್ದೆವು. ಅಲ್ಲಿ ಕ್ಯಾಪ್ಟನ್ ವೇಗ ತಗ್ಗಿಸಿದರು. ಅಂಕೋಲಾ ಕಡೆಯವರು, ಮೊದಲು ಮೀನಿನ ಬೋಟಿನಲ್ಲಿ ತಾಂಡೇಲರಾಗಿದ್ದವರು, ಅಂದರೆ ಬೋಟು ನಡೆಸುವ ಮುಖ್ಯಸ್ಥರು. ಅಳಿವೆಯ ಕಡೆ ಸುಮಾರು ಹೊತ್ತು ದಿಟ್ಟಿಸಿ, ‘ಇವತ್ತು ಹೊರಗೆ ಹೋಗುವುದು ಬೇಡ’ ಎಂದರು.

ದೊಡ್ಡಪ್ಪನಿಗೆ ಸಿಟ್ಟು ಬಂತು. ‘ಅಲ್ರೀ ಸಾಹೇಬ್ರ, ಇಷ್ಟು ರೊಕ್ಕ ಕೊಟ್ಟು ಸಮುದ್ರ ನೋಡದ ಹೋಗಬೇಕೇನ್ರೀ ನಾವು?’

‘ಅಲ್ಲಿ ಬಿಳಿ ಗೆರೆ ಕಾಣ್ತದಲ್ಲ ಯಜಮಾನ್ರೇ, ಅದು ಮರಳದಿಬ್ಬದ ಮೇಲೆ ಒಡೀತಿರುವ ತೆರೆ. ಈಗ ಇಳಿತ ಶುರುವಾಗಿದೆ, ಇನ್ನೊಂದು ತಾಸಿಗೆ ಜಾಸ್ತಿ ಆಗ್ತದೆ. ಹೋಗಲಿಕ್ಕೆ ಹೋಗಬಹುದು. ಬರುವಾಗ ಈ ಮಕ್ಕಳನ್ನ ಇಟ್ಟುಕೊಂಡು ನಾನು ಬರುವುದಿಲ್ಲ.’

ಅವರು ಹೇಳಿದ್ದರ ಒಳಗುಟ್ಟು ಇಷ್ಟು. ನದಿ ತಂದ ಮರಳು ಅಳಿವೆಯಲ್ಲಿ ದಿಬ್ಬವಾಗಿ ಕೂತಿರುತ್ತದೆ, ಅಲ್ಲಿ ಆಳ ಕಡಿಮೆ. ಇಳಿತದ ವೇಳೆ ನದಿಯ ನೀರು ಹೊರಕ್ಕೆ ನುಗ್ಗುತ್ತದೆ, ಸಮುದ್ರದ ಉಬ್ಬುತೆರೆ ಒಳಕ್ಕೆ ಬರುತ್ತದೆ. ಎರಡೂ ಎದುರುಬದುರಾದಾಗ ತೆರೆಯ ಉದ್ದ ಕುಗ್ಗಿ, ಎತ್ತರ ಹೆಚ್ಚಿ, ಅದು ನೆಟ್ಟಗಾಗಿ ಒಡೆಯುತ್ತದೆ. ಹೊರಗೆ ಹೋಗುವಾಗ ದೋಣಿಯ ಮೂತಿ ತೆರೆಯನ್ನು ಸೀಳುತ್ತದೆ. ಮರಳುವಾಗ ಅದೇ ತೆರೆ ಹಿಂದಿನಿಂದ ಎತ್ತಿ ದೋಣಿಯನ್ನು ಅಡ್ಡಕ್ಕೆ ತಿರುಗಿಸುವ ಅಪಾಯವಿದೆ. ನಮ್ಮ ಕಣ್ಣಿಗೆ ಅದು ದೂರದ ಒಂದು ನೊರೆಯ ಗೆರೆ ಮಾತ್ರ. ಅರವತ್ತು ಸಾವಿರದಲ್ಲಿ ನಾನು ಮನಸಾರೆ ಕೊಟ್ಟ ಹಣವೇನಾದರೂ ಇದ್ದರೆ ಅದು ಆ ‘ಬೇಡ’ ಎಂಬ ಮಾತಿಗೆ ಕೊಟ್ಟದ್ದು. ಗಿರಾಕಿಯ ಸಿಟ್ಟಿಗೆ, ಹೋಗುವ ಭಕ್ಷೀಸಿಗೆ ಅಂಜಿ ಹೊರಗೆ ಒಯ್ಯುವ ಕ್ಯಾಪ್ಟನ್ ಸಿಕ್ಕಿದ್ದರೆ ದೊಡ್ಡಪ್ಪನಿಗೆ ಸಂತೋಷವಾಗುತ್ತಿತ್ತು, ನಮ್ಮ ಅತ್ತಿಗೆಯಂದಿರಿಗೆ ಆಗುತ್ತಿರಲಿಲ್ಲ.

ದೋಣಿ ತಿರುಗಿ ಹೊಳೆಯ ಮೇಲ್ಭಾಗಕ್ಕೆ ಹೋಯಿತು. ಸೇತುವೆಗಳ ಕೆಳಗೆ ಹಾದು, 2019ರಲ್ಲಿ ತೆರೆದ ಅಟಲ್ ಸೇತುವೆಯ ತಂತಿಗಳನ್ನು ಕತ್ತೆತ್ತಿ ನೋಡಿ, ರಿಬಂದರ್ ದಾಟಿ ಚೊರಾವ್ ದ್ವೀಪದ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಅಂಚಿನಲ್ಲಿ ಇಂಜಿನ್ ತಗ್ಗಿಸಿದರು. ಸಲೀಂ ಅಲಿ ಪಕ್ಷಿಧಾಮ ಇರುವುದು ಅಲ್ಲಿಯೇ. ಬೇರುಗಳ ನಡುವೆ ಬೆಳ್ಳಕ್ಕಿಗಳು ಒಂಟಿಕಾಲಲ್ಲಿ ನಿಂತಿದ್ದವು. ಮುಂದೆ ದಿವಾಡ್ ದ್ವೀಪ, ಎದುರು ದಡದಲ್ಲಿ ಹಳೇ ಗೋವಾದ ಇಗರ್ಜಿಗಳು. ವಿಜಯನಗರದ ಲಾಯಗಳಿಗೆ ಬೇಕಾದ ಅರಬ್ಬಿ ಕುದುರೆಗಳು ಹಡಗಿನಿಂದ ಇಳಿಯುತ್ತಿದ್ದ ಬಂದರುಗಳಲ್ಲಿ ಗೋವಾ ಮುಖ್ಯವಾದದ್ದು. 1510ರಲ್ಲಿ ಪೋರ್ಚುಗೀಸರು ಅದನ್ನು ಬಿಜಾಪುರದ ಆದಿಲಶಾಹಿಗಳಿಂದ ಕಸಿದುಕೊಂಡರು. ಹತ್ತು ವರ್ಷದ ಮೇಲೆ ರಾಯಚೂರಿನ ಕೋಟೆಗಾಗಿ ಕೃಷ್ಣದೇವರಾಯ ಆದಿಲಶಾಹನೊಡನೆ ಕಾದಿದಾಗ ಪೋರ್ಚುಗೀಸರ ಕಡೆಯ ಬಂದೂಕುಗಾರರು ರಾಯನ ಪರವಾಗಿ ನಿಂತಿದ್ದರು. ಇದನ್ನು ಹೇಳುತ್ತಿದ್ದಂತೆ ದೊಡ್ಡಪ್ಪನ ಮುಖ ಸಡಿಲವಾಯಿತು. ಆನೆಗೊಂದಿಯ ಕಥೆ ಎಲ್ಲಿ ಬಂದರೂ ಅವರಿಗೆ ಅದು ಸ್ವಂತ ಮನೆಯ ಕಥೆ.

ಊಟ ನಮ್ಮದೇ. ಜೋಳದ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮೊಸರು, ಜೊತೆಗೆ ಅತ್ತಿ ಹಟದಿಂದ ಕಟ್ಟಿಸಿದ ಎಣ್ಣೆಗಾಯಿ. ಹೊರಗಿನ ಊಟ ತರಲು ಅನುಮತಿ ಇದೆಯೇ ಎಂದು ಕೇಳಿ ಒಪ್ಪಿಗೆಯನ್ನು ಬರಹದಲ್ಲಿ ಪಡೆದಿದ್ದೆವು. ಕೆಲವು ದೋಣಿಗಳಲ್ಲಿ ಅದಕ್ಕೂ ಹಣ ಹಿಡಿಯುತ್ತಾರೆ. ಎಣ್ಣೆಗಾಯಿಯ ಡಬ್ಬಿ ತೆರೆದಾಗ ಬಡಿಸುವ ಹುಡುಗನ ಕಣ್ಣು ಡಬ್ಬಿಯಿಂದ ಬಿಳಿ ಸೋಫಾಕ್ಕೆ, ಸೋಫಾದಿಂದ ಡಬ್ಬಿಗೆ ಓಡಾಡಿತು. ಕೊನೆಗೆ ಅವನೇ ಒಳಗಿನಿಂದ ಹಳೆಯ ಟವೆಲ್ಲುಗಳನ್ನು ತಂದು ಸೋಫಾದ ಮೇಲೆಲ್ಲ ಹಾಸಿದ. ಕಲೆಯಾದರೆ ತೊಳೆಸುವ ಖರ್ಚು ನಮ್ಮ ಮೇಲೆ ಎಂಬುದು ಕರಾರಿನಲ್ಲಿತ್ತು. ಹೊರಡುವ ಮೊದಲು ಹೊಟ್ಟೆ ಪೂರ್ತಿ ಖಾಲಿಯೂ ಇರಬಾರದು, ಪೂರ್ತಿ ತುಂಬಿಯೂ ಇರಬಾರದು. ವಾಂತಿಯ ತೊಂದರೆ ಇರುವವರು ವೈದ್ಯರನ್ನು ಕೇಳಿ ಮಾತ್ರೆಯನ್ನು ಹತ್ತುವ ಮೊದಲೇ ನುಂಗಬೇಕು, ತಲೆ ಸುತ್ತಲು ಶುರುವಾದ ಮೇಲೆ ನುಂಗಿದರೆ ಪ್ರಯೋಜನ ಕಡಿಮೆ. ಕೂರುವುದು ದೋಣಿಯ ನಡುಭಾಗದಲ್ಲಿ, ಕಣ್ಣು ದಿಗಂತದ ಮೇಲೆ, ಮೊಬೈಲ್ ಜೇಬಿನಲ್ಲಿ.

ಹಣದ ಮಾತಿನಲ್ಲಿ ಕರಾರಿನ ಒಂದು ಸಾಲು ಉಳಿದೆಲ್ಲಕ್ಕಿಂತ ಮುಖ್ಯ. ಹವಾಮಾನ ಕೆಟ್ಟು ಕ್ಯಾಪ್ಟನ್ ಹೊರಡುವುದಿಲ್ಲ ಎಂದರೆ ಮುಂಗಡ ಪೂರ್ತಿ ಮರಳುತ್ತದೆಯೇ, ಬೇರೆ ದಿನ ಕೊಡುತ್ತಾರೆಯೇ? ಅದನ್ನು ಬರೆಸಿಕೊಳ್ಳದಿದ್ದರೆ ಕ್ಯಾಪ್ಟನ್ ‘ಬೇಡ’ ಎಂದ ಕೂಡಲೇ ಗಿರಾಕಿಗೂ ದೋಣಿಯವರಿಗೂ ಜಗಳ, ಮತ್ತು ಆ ಜಗಳದ ಭಯದಿಂದಲೇ ಎಷ್ಟೋ ಕಡೆ ಹೊರಡಬಾರದ ದಿನ ದೋಣಿ ಹೊರಡುತ್ತದೆ. ಡೀಸೆಲ್ ಸೇರಿದೆಯೇ, ಹೆಚ್ಚುವರಿ ತಾಸಿಗೆ ಎಷ್ಟು, ಜೆಟ್ಟಿಯ ಶುಲ್ಕ ಯಾರದು ಎಂಬುದನ್ನೆಲ್ಲ ಅದೇ ಹಾಳೆಯಲ್ಲಿ ಸೇರಿಸಬಹುದು. ಡಾಲ್ಫಿನ್ ಗ್ಯಾರಂಟಿ ಎಂದು ಬರೆದುಕೊಡುವವರನ್ನು ಮಾತ್ರ ಅಲ್ಲಿಯೇ ಬಿಟ್ಟುಬಿಡಿ. ಭಕ್ಷೀಸನ್ನು ನಾವು ಮೂವರಿಗೂ ಬೇರೆ ಬೇರೆಯಾಗಿ ಕೈಗೇ ಕೊಟ್ಟೆವು. ಕರಾವಳಿ ರಕ್ಷಣಾ ಪಡೆಯ ತುರ್ತು ಸಂಖ್ಯೆ 1554 ಎಂಬುದನ್ನು ಮಕ್ಕಳ ಕೈಯಿಂದಲೂ ಮೊಬೈಲಿನಲ್ಲಿ ಬರೆಸಿಟ್ಟಿದ್ದೆ.

ಬರುವ ಅಕ್ಟೋಬರಿನಲ್ಲಿ ಸಿಂಧನೂರಿನ ಬೀಗರ ಮನೆಯವರನ್ನೂ ಕರೆದುಕೊಂಡು ಮತ್ತೆ ಹೋಗಬೇಕೆಂದು ದೊಡ್ಡಪ್ಪನೇ ಈಗ ಹೇಳುತ್ತಿದ್ದಾರೆ. ಬೆಳಗಿನ ಹೊತ್ತು, ಉಬ್ಬರದ ವೇಳೆ ನೋಡಿಕೊಂಡು, ಅದೇ ಕ್ಯಾಪ್ಟನ್ ಜೊತೆಗೆ. ದೋಣಿ ಅದೇ ಕೊಡುತ್ತೇವೆ, ಕ್ಯಾಪ್ಟನ್ ಆ ದಿನ ಯಾರಿರುತ್ತಾರೋ ಹೇಳಲಾಗುವುದಿಲ್ಲ ಎಂಬುದು ಬುಕಿಂಗಿನವರ ಉತ್ತರ. ದೋಣಿ ಯಾವುದಾದರೂ ಆಗಲಿ, ಅವರು ಯಾವ ದಿನ ಕೆಲಸದಲ್ಲಿರುತ್ತಾರೆ ಅದನ್ನು ಹೇಳಿ, ನಾವು ಆ ದಿನವೇ ಬರುತ್ತೇವೆ ಎಂದು ಮರಳಿ ಬರೆದಿದ್ದೇನೆ. ಅದು ತಿಳಿಯುವವರೆಗೆ ಮುಂಗಡ ಕಳುಹಿಸುವುದಿಲ್ಲ.