ತೊಳೆದು ತಂದ ಮೊಟ್ಟೆಗಳು

ಮಳೆ ಹಿಡಿದರೆ ನಾಟಿ ಕೋಳಿ ಮೊಟ್ಟೆ ಚೊಕ್ಕಟವಾಗಿ ಸಿಗುವುದು ಕಷ್ಟ. ಹೇಂಟೆ ತಿಪ್ಪೆಯೆಲ್ಲ ಕೆದಕಿ ಅದೇ ಕೆಸರುಗಾಲಲ್ಲಿ ಬಂದು ಗೂಡು ಹತ್ತುತ್ತದೆ, ಹುಲ್ಲು ಒದ್ದೆಯಾಗುತ್ತದೆ, ಮೊಟ್ಟೆಗೆ ಮಣ್ಣು, ಹಿಕ್ಕೆ, ಪುಕ್ಕ ಎಲ್ಲ ಮೆತ್ತಿಕೊಳ್ಳುತ್ತದೆ. ಹೋದ ಮಳೆಗಾಲದಲ್ಲಿ ಪಕ್ಕದ ಬೀದಿಯ ಅಕ್ಕ ಒಬ್ಬರು ಒಂದು ಬುಟ್ಟಿ ಮೊಟ್ಟೆ ತಂದರು. ನನ್ನ ಹತ್ತಿರ ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡುವ ಒಂದು ಸಣ್ಣ ಇನ್‌ಕ್ಯುಬೇಟರ್ ಇದೆ, ಊರವರಿಗೆಲ್ಲ ಅದು ಬರೀ 'ಮಷೀನು'. ಅವರ ಕೋಳಿ ಕಾವಿಗೆ ಕೂರದೆ ತಿರುಗುತ್ತಿತ್ತಂತೆ. ಮರಿಯಾದರೆ ಅರ್ಧ ಅವರಿಗೆ, ಅರ್ಧ ನನಗೆ ಅಂತ ಮಾತು. ಕುರಿ, ಹಸು ಪಾಲಿಗೆ ಕೊಡುತ್ತಾರಲ್ಲ, ಹಾಗೇ.

"ನೋಡಪ್ಪ, ಎಲ್ಲಾ ತೊಳ್ದು ಒರೆಸ್ಕೊಂಡು ತಂದಿದೀನಿ. ನಿನ್ ಮಷೀನು ಗಲೀಜಾಗ್ಬಾರ್ದು ಅಂತ."

ಮೊಟ್ಟೆಗಳು ಮಿರಮಿರ ಮಿಂಚುತ್ತಿದ್ದವು. ನನಗೆ ಎದೆ ಧಸಕ್ಕಂದಿತು.

"ತಣ್ಣೀರಲ್ಲಾ ಅಕ್ಕಾ?"

"ಇನ್ನೇನು, ಬಿಸಿನೀರು ಹಾಕಿದ್ರೆ ಬೆಂದೋಗಲ್ವಾ?"

ಪಾಪ, ಅವರು ಹೇಳಿದ್ದರಲ್ಲೂ ನ್ಯಾಯ ಇದೆ. ಆದರೆ ಮೊಟ್ಟೆಯ ಚಿಪ್ಪಿನಲ್ಲಿ ಕಣ್ಣಿಗೆ ಕಾಣದ ಸಾವಿರಾರು ತೂತುಗಳಿವೆ. ಒಳಗಿನ ಮರಿ ಉಸಿರಾಡುವುದು ಅವುಗಳಿಂದಲೇ. ಕೋಳಿ ಮೊಟ್ಟೆ ಇಡುವಾಗ ಅದರ ಮೇಲೆ ತೆಳ್ಳನೆ ಲೋಳೆ ಒಣಗಿ ಒಂದು ಪೊರೆ ಕಟ್ಟುತ್ತದೆ, ರೋಗಾಣು ಒಳಗೆ ನುಗ್ಗದಂತೆ ತಡೆಯುವುದು ಅದೇ. ನೀರು ಹಾಕಿ ಉಜ್ಜಿದರೆ ಆ ಪೊರೆ ಹೋಯಿತು. ಅದರ ಮೇಲೆ ತಣ್ಣೀರು ಬೇರೆ. ಬೆಚ್ಚಗಿದ್ದ ಮೊಟ್ಟೆ ತಣ್ಣಗಾದಾಗ ಒಳಗಿನದು ಕುಗ್ಗಿ, ಹೊರಗಿನ ಕೊಳೆ ನೀರನ್ನೇ ತೂತಿನಿಂದ ಎಳೆದುಕೊಳ್ಳುತ್ತದೆ. ಆಮೇಲೆ ಅದನ್ನು 37.5 ಡಿಗ್ರಿ ಕಾವಿನಲ್ಲಿ 21 ದಿನ ಇಡುತ್ತೇವೆ. ಮರಿಗೆ ಎಷ್ಟು ಹಿತವೋ ರೋಗಾಣುವಿಗೂ ಅಷ್ಟೇ ಹಿತ, ಅಲ್ವಾ? ತೊಳೆಯಲೇಬೇಕು ಅಂತಿದ್ದರೆ ನೀರು ಮೊಟ್ಟೆಗಿಂತ ಬೆಚ್ಚಗಿರಬೇಕು, 40 ಡಿಗ್ರಿ ದಾಟಿರಬೇಕು. ನಾನಂತೂ ಆ ಸಹವಾಸಕ್ಕೇ ಹೋಗುವುದಿಲ್ಲ. ಮಣ್ಣು ಒಣಗಲು ಬಿಟ್ಟು, ನಯವಾದ ಉಪ್ಪುಕಾಗದದಲ್ಲಿ ಕೊಳೆ ಇರುವ ಕಡೆ ಮಾತ್ರ ಹಗುರವಾಗಿ ತೀಡುತ್ತೇನೆ. ಹಿಕ್ಕೆ ದಪ್ಪಗೆ ಮೆತ್ತಿದ್ದರೆ ಕಾವಿಗೇ ಇಡುವುದಿಲ್ಲ.

ಅಕ್ಕನಿಗೆ ಇದನ್ನೆಲ್ಲ ಹೇಳಿದೆ. "ಹಂಗಾದ್ರೆ ಗಲೀಜು ಮೊಟ್ಟೇನೇ ಒಳ್ಳೇದು ಅನ್ನು" ಅಂದರು ಸಿಟ್ಟಿನಲ್ಲಿ. ಹೋಗುವಾಗ, ಗುಡುಗಿಗೆ ಮೊಟ್ಟೆ ಕೆಡುತ್ತವೆ, ಪಕ್ಕದಲ್ಲಿ ಒಂದು ಕಬ್ಬಿಣದ ತುಂಡು ಇಡು ಅಂತ ನನಗೇ ಬುದ್ಧಿ ಹೇಳಿದರು. ಮಷೀನಿನ ಮೈಯೇ ತಗಡು ಅಕ್ಕಾ ಅಂದೆ. ಒಪ್ಪಲಿಲ್ಲ, ಒಂದು ಹಳೇ ಮೊಳೆ ಇಟ್ಟು ಹೋದರು.

ರಾತ್ರಿ ದೀಪ ಆರಿಸಿ ಮೊಬೈಲ್ ಟಾರ್ಚಿನ ಮೇಲೆ ಒಂದೊಂದೇ ಹಿಡಿದು ನೋಡಿದೆ. ಬರಿಗಣ್ಣಿಗೆ ಕಾಣದ ಬಿರುಕು ಆ ಬೆಳಕಿನಲ್ಲಿ ಬಿಳಿ ಕೂದಲಿನ ಹಾಗೆ ಹೊಳೆಯುತ್ತದೆ. ಒಂದರಲ್ಲಿ ಒಳಪೊರೆಯೂ ಹರಿದು ಬಿಳಿಲೋಳೆ ಜಿನುಗುತ್ತಿತ್ತು. ಅದನ್ನು ಆಚೆಗೆ ಹಾಕಿದೆ. ಇನ್ನೊಂದರಲ್ಲಿ ಚಿಪ್ಪು ಮಾತ್ರ ಸೀಳಿತ್ತು, ಒಳಪೊರೆ ಗಟ್ಟಿಯಾಗಿತ್ತು. ಮೇಣದಬತ್ತಿ ಹಚ್ಚಿ, ಕರಗಿದ ಮೇಣದಲ್ಲಿ ಹತ್ತಿಬತ್ತಿಯ ತುದಿ ಅದ್ದಿ, ಬಿರುಕಿನ ಗೆರೆಯುದ್ದಕ್ಕೂ ತೆಳ್ಳಗೆ ಎಳೆದೆ. ಜಾಸ್ತಿ ಬಳಿದರೆ ಆ ಉಸಿರಿನ ತೂತುಗಳೂ ಮುಚ್ಚಿಹೋಗುತ್ತವೆ. ತೊಳೆದ ಮೊಟ್ಟೆಗಳನ್ನು ಎಸೆಯಲು ಮನಸ್ಸು ಬರಲಿಲ್ಲ. ಕೆಳಗಿನ ಟ್ರೇಯಲ್ಲಿ ಬೇರೆಯಾಗಿ ಇಟ್ಟೆ, ಒಡೆದರೂ ನನ್ನ ಕೋಳಿಗಳ ಮೊಟ್ಟೆ ಮೇಲೆ ಸಿಡಿಯದಿರಲಿ ಅಂತ.

ಆಮೇಲೆ ದಿನಾ ಬಾಗಿಲು ತೆಗೆದ ಕೂಡಲೇ ಮೊದಲು ಮೂಗಿಗೆ ಕೆಲಸ. ಎರಡನೇ ವಾರದಲ್ಲಿ ಕೆಳಗಿನ ಟ್ರೇಯಿಂದ ಸಣ್ಣಗೆ ನಾತ ಬಂತು. ಒಂದು ಮೊಟ್ಟೆ ಬೆವರುತ್ತಿತ್ತು. ಚಿಪ್ಪಿನ ಮೇಲೆ ಸಾಸಿವೆ ಗಾತ್ರದ ಕಂದು ಹನಿಗಳು. ಒಳಗೆ ಗಾಳಿ ತುಂಬಿಕೊಂಡಿದೆ, ಸ್ವಲ್ಪ ಅಲುಗಿದರೂ ಢಬ್ ಅನ್ನುತ್ತದೆ ಅಂತ ಅರ್ಥ. ಒಮ್ಮೆ ಸಿಡಿದರೆ ಆ ಕೊಳಕು ಉಳಿದ ಮೊಟ್ಟೆಗಳಿಗೂ ಬಡಿಯುತ್ತದೆ, ವಾಸನೆ ವಾರಗಟ್ಟಲೆ ಹೋಗುವುದಿಲ್ಲ. ಕೈಗೆ ಪ್ಲಾಸ್ಟಿಕ್ ಕವರ್ ಸುತ್ತಿ, ಉಸಿರು ಬಿಗಿಹಿಡಿದು ಮೆಲ್ಲಗೆ ಎತ್ತಿಕೊಂಡು ಹೋಗಿ ತೆಂಗಿನ ಬುಡದಲ್ಲಿ ಹೂತೆ. ಅದೇ ಟ್ರೇಯಲ್ಲಿ ಇನ್ನೂ ಕೆಲವು ಕೆಟ್ಟವು. ಆದರೆ ಎಲ್ಲವೂ ಅಲ್ಲ.

ಮೇಣ ಹಚ್ಚಿದ್ದು ಮರಿಯಾಯಿತು. ಉಳಿದವಕ್ಕಿಂತ ತಡವಾಗಿ, ಅಂತೂ ಬಂತು.

ಪಾಲು ಮಾಡುವಾಗ ಮರಿಗಳು ಬೆಸ ಬಿದ್ದವು. "ಮೇಣ ನಿಂದಿರ್ಬೋದು, ಮೊಟ್ಟೆ ನಂದು" ಅಂತ ಅಕ್ಕ ಆ ಮರಿಯನ್ನು ಸೆರಗಿಗೆ ಹಾಕಿಕೊಂಡರು. ಮೊಳೆಯ ಮಹಿಮೆ ಅಂತಲೂ ಸೇರಿಸಿದರು. ಆಯ್ತು, ಬದಲಿಗೆ ಒಂದು ಮೂಟೆ ಭತ್ತದ ಹೊಟ್ಟು ಕೊಡಿ ಅಂದೆ. ಮಾರನೇ ದಿನ ಮಗನ ಗಾಡಿಯಲ್ಲಿ ಕಳಿಸಿದರು. ಅರ್ಧ ಮೂಟೆ ವಾಪಸ್ ಕಳಿಸಿ, ಅವರ ಕೋಳಿಗೂಡಿನ ಒದ್ದೆ ಹುಲ್ಲು ತೆಗೆದು ಅಲ್ಲೇ ಹಾಸಲು ಹೇಳಿದೆ.