ಅಣಬೆ ಕೋಣೆಯ ಗಾಳಿ ಮತ್ತು ವಾಸನೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ

ಜೂನ್ 14

ಬೆಂಗಳೂರಿನ ನಮ್ಮ ಮನೆಯ ಹಿಂಬದಿಯಲ್ಲಿ ಹಳೆಯ ಸಾಮಾನು ತುಂಬಿದ್ದ ಕೋಣೆಯೊಂದಿತ್ತು. 8 ಅಡಿ ಉದ್ದ, 7 ಅಡಿ ಅಗಲ, 9 ಅಡಿ ಎತ್ತರ. ಅದನ್ನು ತೆರವು ಮಾಡಿ, ಸುಣ್ಣ ಬಳಿದು, ಇವತ್ತು ಚಿಪ್ಪು ಅಣಬೆಯ 20 ಚೀಲ ಕಟ್ಟಿ ತೂಗುಹಾಕಿದೆ. ಅಣಬೆ ಬೀಜ (ಕಾಳಿನ ಮೇಲೆ ಬೆಳೆಸಿದ ಅಣಬೆಯ ಎಳೆಗಳು) ತಂದದ್ದು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಿಂದ. ಭತ್ತದ ಹುಲ್ಲನ್ನು ರಾತ್ರಿಯಿಡೀ ನೆನೆಹಾಕಿ, ಬಿಸಿನೀರಿನಲ್ಲಿ ಒಂದು ಗಂಟೆ ಇಟ್ಟು, ಆರಿಸಿ ತುಂಬಿದ್ದೇನೆ.

ಕೋಣೆಗೆ ಇರುವುದು ಒಂದೇ ಗವಾಕ್ಷಿ. ಅದರ ಎದುರಿಗೆ ನಾಲ್ಕೇ ಅಡಿ ದೂರದಲ್ಲಿ ಪಕ್ಕದ ಮನೆಯ ಅಡುಗೆಮನೆಯ ಕಿಟಕಿ. ಹಾಗಾಗಿ ಗವಾಕ್ಷಿ ಮುಚ್ಚಿ, ಹಜಾರದ ಕಡೆಯಿಂದ ಮೇಜಿನ ಫ್ಯಾನ್ ಒಂದನ್ನು ಒಳಕ್ಕೆ ಬೀಸುವಂತೆ ಇಟ್ಟಿದ್ದೇನೆ.

ಜೂನ್ 23

ಮನೆ ತುಂಬ ವಾಸನೆ. ಒದ್ದೆ ಹುಲ್ಲಿನ ಸೊಗಡು ನನಗೆ ಇಷ್ಟವೇ, ಆದರೆ ಇದು ಬೇರೆ. ಹುಳಿ ಬೆರೆತ ಕಮಟು ವಾಸನೆ, ಬಟ್ಟೆಗೂ ಹಿಡಿಯುತ್ತಿದೆ. ಪಕ್ಕದ ಮನೆಯವರು ಸಂಜೆ ಬಂದು ಚರಂಡಿ ಕಟ್ಟಿಕೊಂಡಿದೆಯೇ ಎಂದು ಕೇಳಿದರು. ಅವರಿಗೆ ವಿಷಯ ತಿಳಿಸಿ, ಎರಡು ವಾರ ಕಾಲಾವಕಾಶ ಕೇಳಿದೆ.

ರಾತ್ರಿ ಒಂದು ಊದುಬತ್ತಿ ಹಚ್ಚಿ ಬಾಗಿಲಿನ ಸಂದಿಗೆ ಹಿಡಿದೆ. ಹೊಗೆ ನೇರ ಹಜಾರದ ಕಡೆಗೆ ಬಾಗಿತು. ಬಾಗಿಲಿನ ಮೇಲೆ, ಕೆಳಗೆ, ಬೀಗದ ತೂತಿನ ಬಳಿ, ಎಲ್ಲಿ ಹಿಡಿದರೂ ಅದೇ. ಕಾರಣ ಸರಳ: ಒಳಕ್ಕೆ ಗಾಳಿ ತಳ್ಳಿದರೆ ಅಷ್ಟೇ ಗಾಳಿ ಸಿಕ್ಕ ಸಂದಿಯಿಂದೆಲ್ಲ ಹೊರಕ್ಕೆ ಬರಲೇಬೇಕು, ವಾಸನೆಯನ್ನು ಹೊತ್ತುಕೊಂಡು. ತಳ್ಳುವುದನ್ನು ಬಿಟ್ಟು ಎಳೆಯಬೇಕು. ಕೋಣೆಯೊಳಗೆ ಒತ್ತಡ ತುಸು ಕಡಿಮೆಯಿದ್ದರೆ ಸಂದಿಗಳೆಲ್ಲ ಒಳಮುಖವಾಗುತ್ತವೆ, ಗಾಳಿ ಹೊರಹೋಗುವ ದಾರಿ ನಾವು ಕೊಟ್ಟದ್ದೊಂದೇ ಆಗುತ್ತದೆ.

ಜೂನ್ 29

ಲೆಕ್ಕ: ಕೋಣೆಯ ಗಾತ್ರ 504 ಘನ ಅಡಿ. ಗಂಟೆಗೆ ಆರು ಸಲ ಗಾಳಿ ಬದಲಾಗಬೇಕೆಂದರೆ ನಿಮಿಷಕ್ಕೆ ಸುಮಾರು 50 ಘನ ಅಡಿ. 4 ಇಂಚಿನ ಕೊಳವೆ ಫ್ಯಾನ್ ಒಂದನ್ನು ತಂದೆ. ಡಬ್ಬಿಯ ಮೇಲೆ 100 ಘನ ಅಡಿ ಎಂದಿದೆ. ಅದರ ಬಾಯಿಗೆ ತೆಂಗಿನ ಚಿಪ್ಪಿನ ಸಕ್ರಿಯ ಇದ್ದಿಲಿನ ಫಿಲ್ಟರ್, ಗವಾಕ್ಷಿಯಿಂದ ಹೊರಗೆ ಪಿವಿಸಿ ಪೈಪ್, ಅಲ್ಲಿಂದ ತಾರಸಿಯವರೆಗೆ 12 ಅಡಿ. 90 ಡಿಗ್ರಿಯ ಒಂದು ತಿರುವಿನ ಬದಲು 45 ಡಿಗ್ರಿಯ ಎರಡು ತಿರುವು ಹಾಕಿದೆ. ಫ್ಯಾನನ್ನು ಹಳೆಯ ಸೈಕಲ್ ಟ್ಯೂಬಿನ ಪಟ್ಟಿಗಳಲ್ಲಿ ನೇತುಹಾಕಿದ್ದರಿಂದ ಗೋಡೆಗೆ ನಡುಕ ಹತ್ತುತ್ತಿಲ್ಲ.

ಡಬ್ಬಿಯ ಮೇಲಿನ ಅಂಕಿಯನ್ನು ನಂಬದೆ ಅಳೆದು ನೋಡಿದೆ. 200 ಲೀಟರಿನ ಕಸದ ಚೀಲವನ್ನು ಚಪ್ಪಟೆ ಮಾಡಿ ತಾರಸಿಯ ಪೈಪ್ ಬಾಯಿಗೆ ಹಿಡಿದು, ಅದು ಉಬ್ಬಿ ಬಿಗಿಯಾಗುವವರೆಗೆ ಸೆಕೆಂಡ್ ಎಣಿಸುವುದು. ಫಿಲ್ಟರ್ ಇಲ್ಲದೆ 5 ಸೆಕೆಂಡ್, ಅಂದರೆ ನಿಮಿಷಕ್ಕೆ 85 ಘನ ಅಡಿ. ಫಿಲ್ಟರ್ ಹಾಕಿದಾಗ 8 ಸೆಕೆಂಡ್, ಅಂದರೆ 53. ಬೇಕಾದಷ್ಟಕ್ಕೆ ಸರಿಯಾಗಿ ಇದೆ. ಊದುಬತ್ತಿಯ ಹೊಗೆ ಈಗ ಬಾಗಿಲಿನ ಕೆಳಗಿನಿಂದ ಒಳಕ್ಕೆ ನುಸುಳುತ್ತಿದೆ. ಹಜಾರದಲ್ಲಿ ವಾಸನೆ ಇಲ್ಲ. ತುಂಬ ಸಂತೋಷವಾಯಿತು.

ಜುಲೈ 9

ಮೊದಲ ಕೊಯ್ಲು ನಿರಾಸೆ ತಂದಿತು. ತೊಟ್ಟು ಒಂಬತ್ತು ಸೆಂಟಿಮೀಟರ್ ಉದ್ದ, ಕೊಡೆ ಒಂದು ರೂಪಾಯಿ ನಾಣ್ಯದಷ್ಟು. ಅಣಬೆ ಹೀಗೆ ಕತ್ತು ಚಾಚುವುದು ಇಂಗಾಲದ ಡೈಆಕ್ಸೈಡ್ ಹೆಚ್ಚಾದಾಗ. ಆದರೆ ಹಗಲಿನಲ್ಲಿ ಮಾಪಕ 700 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 700 ಭಾಗ) ತೋರಿಸುತ್ತಿತ್ತು, ಹೊರಗಿನ ಗಾಳಿಯಲ್ಲೇ 420ರ ಆಸುಪಾಸು ಇರುತ್ತದೆ. ಬೆಳಗಿನ ಜಾವ ಐದಕ್ಕೆ ಎದ್ದು ನೋಡಿದರೆ 2,600! ಸದ್ದಾಗದಿರಲಿ ಎಂದು ರಾತ್ರಿ ಹತ್ತಕ್ಕೆ ಫ್ಯಾನ್ ಆರಿಸುತ್ತಿದ್ದೆ. ಹುಲ್ಲಿನೊಳಗೆ ಹರಡುವ ಅಣಬೆಯ ಎಳೆಗಳ ಬಿಳಿ ಜಾಲ ಹಗಲು ರಾತ್ರಿ ಎನ್ನದೆ ಉಸಿರಾಡುತ್ತದೆ. ಬೀಜ ಹುಲ್ಲಿನಲ್ಲಿ ಹರಡುತ್ತಿರುವ ಮೊದಲ ಹದಿನೈದು ಇಪ್ಪತ್ತು ದಿನ ಅದಕ್ಕೆ ಈ ಉಸಿರುಕಟ್ಟು ಬಾಧಿಸುವುದಿಲ್ಲ. ಮೊಗ್ಗು ಮೂಡಿದ ಮೇಲೆ ಮಾತ್ರ 1,000 ದಾಟಬಾರದು.

ಇಂದಿನಿಂದ ಟೈಮರ್: ರಾತ್ರಿಯೂ 15 ನಿಮಿಷ ಓಟ, 15 ನಿಮಿಷ ಬಿಡುವು.

ಜುಲೈ 21

ಎರಡನೇ ಕೊಯ್ಲಿನ ಅಣಬೆ ಚೆನ್ನಾಗಿದೆ, ಕೊಡೆ ಅಂಗೈಯಗಲ. ಆದರೆ ತಾರಸಿಯಲ್ಲಿ ವಾಸನೆ ಮರಳಿದೆ, ಕೋಣೆಯ ಗಾಳಿಯೂ ಮಂದವಾಗಿದೆ. ಕಸದ ಚೀಲದ ಪರೀಕ್ಷೆ ಮಾಡಿದೆ: 19 ಸೆಕೆಂಡ್. ನಿಮಿಷಕ್ಕೆ 22 ಘನ ಅಡಿ ಮಾತ್ರ.

ಫಿಲ್ಟರ್ ಬಿಚ್ಚಿದೆ. ಹೊರಗಿನ ಬಟ್ಟೆಯ ಹೊದಿಕೆ ಹಿಟ್ಟು ಸವರಿದಂತೆ ಬೆಳ್ಳಗಾಗಿತ್ತು, ಬೆರಳಿಟ್ಟರೆ ಜಿಗುಟು. ಅದೆಲ್ಲ ಕೊಡೆಯಿಂದ ಉದುರುವ ಧೂಳಿನಂಥ ಬೀಜಕಣ. ತೂಕಕ್ಕಿಟ್ಟರೆ, ತಂದ ದಿನ 3.2 ಕಿಲೋ ಇದ್ದದ್ದು ಈಗ 3.8. ಆ 600 ಗ್ರಾಂ ಬಹುಪಾಲು ನೀರು. ಇದ್ದಿಲು ವಾಸನೆ ಹಿಡಿಯುವುದು ತನ್ನ ಮೈತುಂಬ ಇರುವ ಅತಿಸೂಕ್ಷ್ಮ ರಂಧ್ರಗಳಲ್ಲಿ. ಗಾಳಿಯ ತೇವ ಶೇ. 70ರ ಸುತ್ತಮುತ್ತ ದಾಟಿತೆಂದರೆ ಆ ರಂಧ್ರಗಳಲ್ಲಿ ನೀರು ಕೂರತೊಡಗುತ್ತದೆ, ವಾಸನೆಗೆ ಜಾಗವಿರುವುದಿಲ್ಲ. ಅಣಬೆಗೆ ಬೇಕಾದ ತೇವ ಶೇ. 85ರಿಂದ 90. ಇದ್ದಿಲಿಗೂ ಅಣಬೆಗೂ ಒಂದೇ ಗಾಳಿ ಒಗ್ಗುವುದಿಲ್ಲ ಎಂಬುದು ಕೊಳ್ಳುವ ಮೊದಲೇ ನನಗೆ ತಿಳಿದಿರಬೇಕಿತ್ತು.

ಹೊರಹೋಗುವ ಗಾಳಿಯನ್ನು 5 ಡಿಗ್ರಿ ಬಿಸಿ ಮಾಡಿದರೆ ತೇವದ ಪ್ರಮಾಣ ಶೇ. 67ಕ್ಕೆ ಇಳಿಯುತ್ತದೆ. ಅದಕ್ಕೆ ಸುಮಾರು 140 ವಾಟ್ ಬೇಕು, ಫ್ಯಾನ್ ಬಿಡದೆ ಓಡಿದರೆ ದಿನಕ್ಕೆ ಮೂರು ಯೂನಿಟ್ ದಾಟುತ್ತದೆ. ಇಷ್ಟು ಸಣ್ಣ ಬೆಳೆಗೆ ಅದು ದಂಡ. ಕೈಬಿಟ್ಟೆ.

ಆಗಸ್ಟ್ 3

ನಾಲ್ಕೈದು ದಿನ ಮೂಗನ್ನೇ ಉಪಕರಣ ಮಾಡಿಕೊಂಡು ಒಂದೊಂದೇ ಚೀಲದ ಬಳಿ ನಿಂತು ಬರೆದುಕೊಂಡೆ. ಅಣಬೆ ಬಿಡುತ್ತಿರುವ ಚೀಲಗಳಿಗೆ ವಾಸನೆ ಹೆಚ್ಚೇನಿಲ್ಲ. ಮಳೆ ಬಿದ್ದ ಮಣ್ಣಿನಂಥ ತಿಳಿ ಕಂಪು. ಕಮಟು ಬರುತ್ತಿರುವುದು ಹೊಸದಾಗಿ ಕಟ್ಟಿದ ಚೀಲಗಳಿಂದ, ಅದೂ ಮೊದಲ ಎಂಟು ಹತ್ತು ದಿನ, ಬಿಳಿ ಜಾಲ ಹುಲ್ಲನ್ನು ಪೂರ್ತಿ ಆವರಿಸುವ ಮುಂಚೆ. ಆ ಹಂತದಲ್ಲಿ ಚೀಲದ ಬಾಯಿ ಕಟ್ಟಿರುತ್ತದೆ, ಕೋಣೆಗೆ ನೀರು ಸಿಂಪಡಿಸುವ ಅಗತ್ಯವೇ ಇಲ್ಲ! ವಾಸನೆ ಇರುವ ಕಡೆ ತೇವ ಬೇಡ, ತೇವ ಬೇಕಾದ ಕಡೆ ವಾಸನೆ ಇಲ್ಲ. ಇಷ್ಟು ದಿನ ಎರಡನ್ನೂ ಒಂದೇ ಪೈಪಿಗೆ ಹಾಕಿದ್ದೆ.

ಕೋಣೆಯನ್ನು ದಪ್ಪ ಪ್ಲಾಸ್ಟಿಕ್ ಪರದೆಯಿಂದ ಎರಡು ಮಾಡಿದೆ. ಹೊಸ ಚೀಲಗಳ ಕತ್ತಲೆ ಭಾಗ ಮೂರಡಿ ಅಗಲ. ಅಲ್ಲಿ ಒಂದು ಪುಟ್ಟ ಫ್ಯಾನ್, ಬಿಸಿಲಿನಲ್ಲಿ ಎರಡು ದಿನ ಒಣಗಿಸಿದ ಇದ್ದಿಲು ಫಿಲ್ಟರ್. ಉಳಿದ ಭಾಗಕ್ಕೆ 4 ಇಂಚಿನ ಫ್ಯಾನ್, ಅದರ ಬಾಯಿಗೆ ವಾರಕ್ಕೊಮ್ಮೆ ತೊಳೆಯುವ ಬಟ್ಟೆ ಮಾತ್ರ. ತಾರಸಿಗೆ ಹೋಗುವ ಪೈಪಿನಲ್ಲಿ ಆವಿ ತಣಿದು ನೀರಾಗಿ ಫ್ಯಾನಿನ ಕಡೆಗೇ ಹರಿದು ಬರುತ್ತಿತ್ತು. ತಳದಲ್ಲಿ ‘ಟೀ’ (ಮೂರು ಬಾಯಿಯ ಪೈಪ್ ತುಂಡು) ಜೋಡಿಸಿ ಸಣ್ಣ ತೂತು ಕೊರೆದಿದ್ದೇನೆ, ಕೆಳಗಿಟ್ಟ ಬಾಟಲಿಗೆ ದಿನಕ್ಕೆ ಅರ್ಧ ಲೋಟ ನೀರು ಬೀಳುತ್ತದೆ.

ಆಗಸ್ಟ್ 17

ವಾಸನೆಗೆ ಇನ್ನೂ ಎರಡು ಮೂಲ ಸಿಕ್ಕಿದವು. ಒಂದು, ಹುಲ್ಲು ನೆನೆಸಿದ ನೀರು. ಡ್ರಮ್ಮಿನಲ್ಲಿ ಒಂದು ರಾತ್ರಿ ಉಳಿದರೂ ಸಾಕು, ಬಚ್ಚಲಿಗೆ ಸುರಿದ ಮೇಲೆ ಎರಡು ದಿನ ನಾತ. ಪಕ್ಕದ ಮನೆಯವರು ಚರಂಡಿ ಎಂದದ್ದು ಸರಿಯಾಗಿಯೇ ಇತ್ತು. ಈಗ ಆ ನೀರಿಗೆ ಎರಡು ಪಾಲು ನೀರು ಬೆರೆಸಿ ಅಂದೇ ಗಿಡಗಳ ಬುಡಕ್ಕೆ ಹಾಕುತ್ತೇನೆ. ಇನ್ನೊಂದು, ಹುಲ್ಲಿನ ಹದ. ಚೀಲದ ತಳದಲ್ಲಿ ನೀರು ನಿಂತರೆ ಅಲ್ಲಿ ಗಾಳಿ ಆಡದೆ ಹುಳಿಯುತ್ತದೆ. ಹಿಡಿ ಹುಲ್ಲನ್ನು ಬಲವಾಗಿ ಹಿಂಡಿದಾಗ ಒಂದೆರಡು ಹನಿ ಮಾತ್ರ ಬೀಳಬೇಕು. ಧಾರೆ ಬಂದರೆ ಇನ್ನೊಂದು ಗಂಟೆ ನೆರಳಿನಲ್ಲಿ ಹರವಬೇಕು. ಚೀಲದ ತಳದ ಎರಡು ಮೂಲೆಗೂ ಸಣ್ಣ ತೂತು ಹಾಕಿದೆ.

ಒಂದು ಚೀಲದಿಂದ ತೆಂಗಿನಕಾಯಿಯ ಘಮ ಬಂತು. ಬಿಡಿಸಿ ನೋಡಿದರೆ ಒಳಗೆ ಹಸಿರು ಬೂಸ್ಟು, ಟ್ರೈಕೋಡರ್ಮಾ. ಅದರ ಕೆಲವು ಜಾತಿಗಳಿಗೆ ಆ ಘಮವಿರುತ್ತದೆ. ಕೂಡಲೇ ಚೀಲವನ್ನು ಹೊರಗೆ ಸಾಗಿಸಿ ಮಣ್ಣಿನಲ್ಲಿ ಹೂತೆ.

ಅಮ್ಮನಿಗೆ ಮೂರು ದಿನದಿಂದ ಒಣಕೆಮ್ಮು. ಬೀಜಕಣ ಉಸಿರಿನೊಂದಿಗೆ ಒಳಹೋದರೆ ಶ್ವಾಸಕೋಶಕ್ಕೆ ಅಲರ್ಜಿಯಾಗಬಹುದು. ಅಣಬೆ ಮನೆಗಳಲ್ಲಿ ದುಡಿಯುವವರಿಗೆ ಇದು ಗೊತ್ತಿರುವ ರೋಗ. ಅಮ್ಮ ಇನ್ನು ಕೋಣೆಗೆ ಬರುವುದಿಲ್ಲ. ನಾನು ಎನ್95 ಮಾಸ್ಕ್ ಇಲ್ಲದೆ ಹೋಗುವುದಿಲ್ಲ. ಕೊಡೆಯ ಅಂಚು ಇನ್ನೂ ಕೆಳಮುಖವಾಗಿರುವಾಗಲೇ ಕೊಯ್ಯುತ್ತಿದ್ದೇನೆ. ಅಂಚು ಮೇಲೆದ್ದ ಮೇಲೆ ಕಾದರೆ ಒಂದೇ ರಾತ್ರಿಯಲ್ಲಿ ಫ್ಯಾನಿನ ಎಲೆಗಳೆಲ್ಲ ಬೆಳ್ಳಗಾಗುತ್ತವೆ.

ಸೆಪ್ಟೆಂಬರ್ 6

ಬೆಳಗಿನ ಜಾವದ ಇಂಗಾಲದ ಡೈಆಕ್ಸೈಡ್ ಮಾಪನ ಸತತ ಹತ್ತು ದಿನ 800ರಿಂದ 900ರ ನಡುವೆ. ಇದ್ದಿಲು ಫಿಲ್ಟರಿನ ತೂಕ ಒಂದು ತಿಂಗಳಲ್ಲಿ 150 ಗ್ರಾಂ ಮಾತ್ರ ಏರಿದೆ. ಅಮ್ಮನ ಕೆಮ್ಮು ನಿಂತಿದೆ. ಪಕ್ಕದ ಮನೆಯ ಅಡುಗೆಮನೆ ಕಿಟಕಿ ಈಗ ದಿನವಿಡೀ ತೆರೆದಿರುತ್ತದೆ. ನಿನ್ನೆ ಅವರಿಗೆ ಅರ್ಧ ಕಿಲೋ ಅಣಬೆ ಕೊಟ್ಟು ಬಂದೆ.

ಉಳಿದಿರುವುದು ಸಣ್ಣ ನೊಣಗಳ ಕಾಟ. ಗಾಳಿ ಒಳಬರುವ ಬಾಗಿಲಿನ ಜಾಲರಿಗೆ ಇನ್ನೂ ಸಣ್ಣ ಕಣ್ಣಿನ ನೈಲಾನ್ ಬಲೆ ಹಾಕಬೇಕು. ಬಲೆ ಸಣ್ಣದಾದಷ್ಟೂ ಗಾಳಿಗೆ ತಡೆ ಹೆಚ್ಚುತ್ತದೆ, ಆದ್ದರಿಂದ ಜಾಲರಿಯ ಅಗಲವನ್ನು ಮೊದಲು ಇಮ್ಮಡಿ ಮಾಡಿಸಬೇಕು. ಭಾನುವಾರ ಬಡಗಿ ಬರುತ್ತಾರೆ. ಅಂದು ಸಂಜೆ ಮತ್ತೆ ಚೀಲ ಹಿಡಿದು ತಾರಸಿ ಹತ್ತಿ ಸೆಕೆಂಡ್ ಎಣಿಸುತ್ತೇನೆ.